ಐವತ್ತೇಳರಲ್ಲಿ ಕೆಲಸ ಹೋದರೆ: ಜರ್ಮನಿಗೆ ಹೊಸದಾಗಿ ಹೋದ ತಮ್ಮನಿಗೆ

ತಮ್ಮಾ,

ಪೆನ್ಶನ್ ಆದಮೇಲೆ ವರ್ಷದ ಅರ್ಧ ನಾನು ಕುಮಟಾದಲ್ಲೇ ಇರುತ್ತೇನೆ. ನಿನ್ನ ಮೆಸೇಜು ಇಲ್ಲೇ ನೋಡಿದೆ. ನೀನು ಹೋಗಿ 8 ತಿಂಗಳಾಯಿತು, ವಯಸ್ಸು 49. ಜೊತೆಗಿರುವ 57ರ ಹಿರಿಯರೊಬ್ಬರ ಮುಂದೆ ಕಂಪನಿಯವರು ಒಂದು ಕಾಗದ ಇಟ್ಟು, "ಸಹಿ ಹಾಕಿ, ಇಷ್ಟು ದುಡ್ಡು ತಗೊಂಡು ಈ ತಿಂಗಳೇ ಹೊರಡಿ" ಅಂದಿದ್ದಾರೆ. ಅದನ್ನು ಕಂಡು ನಿನಗೆ ಭಯ ಹುಟ್ಟಿದೆ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಗತಿ ಏನು, ಸರ್ಕಾರದ ದುಡ್ಡು ತಗೊಂಡು ಮನೆಯಲ್ಲಿ ಕೂರುವುದು ಸರಿಯಾ ಅಂತ ಕೇಳಿದ್ದೀಯ.

ಎರಡನೆಯದಕ್ಕೆ ಮೊದಲು ಹೇಳುತ್ತೇನೆ. ಅದು ಸರ್ಕಾರದ ದುಡ್ಡಲ್ಲ, ನೀನು ಕಟ್ಟಿದ ವಿಮೆ. ನಿನ್ನ ಸಂಬಳದ ಚೀಟಿ ತೆಗೆದು ನೋಡು. ನಿರುದ್ಯೋಗ ವಿಮೆಗೆ ಅಂತ ಶೇ. 1.3 ಮುರಿದಿರುತ್ತಾರೆ. ಅಷ್ಟೇ ದುಡ್ಡನ್ನು ಕಂಪನಿಯೂ ಕಟ್ಟುತ್ತದೆ. ಕೆಲಸ ಹೋದಾಗ ಕೊನೆಯ ನಿವ್ವಳ ಸಂಬಳದ ಸುಮಾರು ಶೇ. 60, ಮಕ್ಕಳನ್ನು ಸಾಕುತ್ತಿದ್ದರೆ ಶೇ. 67 ಕೈಗೆ ಬರುತ್ತದೆ. ಆರೋಗ್ಯ ವಿಮೆಯ ಕಂತು, ಪೆನ್ಶನ್ ಕಂತು ಎರಡನ್ನೂ ಉದ್ಯೋಗ ಕಚೇರಿಯೇ ಕಟ್ಟುತ್ತದೆ. ಊರಲ್ಲಿ ಇದು ಅರ್ಥವಾಗುವುದು ಕಷ್ಟ. ಇಲ್ಲಿ ಇಎಸ್‌ಐ ಇರುವ ಕಾರ್ಮಿಕರಿಗೆ 2018ರಲ್ಲಿ ಬಂದ ಅಟಲ್ ಯೋಜನೆಯಲ್ಲೂ ಸಿಗುವುದು ಹೆಚ್ಚೆಂದರೆ 90 ದಿನದ ಭತ್ಯೆ. ಅದು ಇದೆ ಅಂತ ಗೊತ್ತಿರುವವರೇ ಕಡಿಮೆ. ಹಾಗಾಗಿ ನಿಮ್ಮ ಅಮ್ಮ, "ಕೆಲಸ ಇಲ್ಲದವನಿಗೆ ಯಾರು ದುಡ್ಡು ಕೊಡ್ತಾರೆ?" ಅಂದಾಗ ನಾನು ಕೂತು ವಿವರವಾಗಿ ಹೇಳಿಬಂದಿದ್ದೇನೆ. ನೀನು ನಾಚಿಕೆ ಪಡಬೇಡ.

ನನಗೂ ಹೀಗೇ ಆಗಿತ್ತು. ಜರ್ಮನಿಯಲ್ಲಿ ಒಂದೇ ಕಾರ್ಖಾನೆಯ ಲ್ಯಾಬಿನಲ್ಲಿ 20 ವರ್ಷ ದಾಟಿತ್ತು, ನನಗೆ 58 ತುಂಬುವುದರಲ್ಲಿತ್ತು. ನಿಮ್ಮ ಹುದ್ದೆಯೇ ಇಲ್ಲವಾಗಿದೆ ಅಂತ ಪತ್ರ ಕೊಟ್ಟರು. ಆದರೆ ಅದೇ ಕೆಲಸ ಮಾಡುತ್ತಿದ್ದ, ಮೊನ್ನೆ ಮೊನ್ನೆ ಸೇರಿದ ಹುಡುಗನನ್ನು ಉಳಿಸಿಕೊಂಡರು. ಅಲ್ಲಿನ ಕಾನೂನು ಇದನ್ನು ಒಪ್ಪುವುದಿಲ್ಲ. ಹತ್ತಕ್ಕಿಂತ ಜಾಸ್ತಿ ನೌಕರರಿರುವ ಕಂಪನಿ ಹೀಗೆ ಹುದ್ದೆ ಕಡಿಮೆ ಮಾಡುವಾಗ ಯಾರನ್ನು ತೆಗೆಯಬೇಕು ಎಂಬುದಕ್ಕೆ ವಯಸ್ಸು, ಸೇವೆಯ ವರ್ಷ, ಸಾಕಬೇಕಾದವರು, ಅಂಗವೈಕಲ್ಯ ಇಷ್ಟನ್ನೂ ತೂಗಿ ನೋಡಲೇಬೇಕು. ನೌಕರರ ಸಮಿತಿ ಇದ್ದರೆ ಅದನ್ನು ಮೊದಲೇ ಕೇಳಬೇಕು. ಕೇಳದೆ ತೆಗೆದರೆ ಆ ವಜಾ ನಿಲ್ಲುವುದಿಲ್ಲ. ಇನ್ನೊಂದು, ಬಾಯಿಮಾತಿನಲ್ಲಿ, ಈಮೇಲಿನಲ್ಲಿ, ವಾಟ್ಸಾಪಿನಲ್ಲಿ ತೆಗೆದರೆ ಅದಕ್ಕೆ ಬೆಲೆಯೇ ಇಲ್ಲ. ಕಾಗದದ ಮೇಲೆ ಪೆನ್ನಿನ ಸಹಿ ಇರಬೇಕು.

ಆ ಕಾಗದ ಕೈಗೆ ಬಂದ ದಿನದಿಂದ 3 ವಾರ. ಅಷ್ಟರೊಳಗೆ ಲೇಬರ್ ಕೋರ್ಟಿನಲ್ಲಿ ದಾವೆ ಹಾಕದಿದ್ದರೆ ಎಂಥ ಅನ್ಯಾಯದ ವಜಾ ಆದರೂ ಸರಿ ಅಂತಲೇ ಲೆಕ್ಕ. ನಮ್ಮವರು ಹೆಚ್ಚಾಗಿ ಕಳೆದುಕೊಳ್ಳುವುದು ಇಲ್ಲೇ.

ಯಾಕೆ ಅಂತ ನನಗೆ ಗೊತ್ತು. ಕಾರವಾರ, ಅಂಕೋಲಾ ಕಡೆಯವರಿಗೆ ಕೋರ್ಟು ಅಂದರೆ ಸೀಬರ್ಡ್ ನೆನಪಾಗುತ್ತದೆ. 1986ರಲ್ಲಿ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಊರು ಬಿಟ್ಟವರು ಹೆಚ್ಚಿನ ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಕಚೇರಿ ಅಲೆದರು. ಎಷ್ಟೋ ಹಿರಿಯರು ಅದನ್ನು ಕಾಣದೆಯೇ ಹೋದರು. ಅದನ್ನು ನೋಡಿ ಬೆಳೆದವರು "ಕೊಟ್ಟಷ್ಟು ತಗೊಂಡು ಸುಮ್ನಿರು" ಅನ್ನುವುದು ಸಹಜ. ಆದರೆ ಜರ್ಮನಿಯ ಲೇಬರ್ ಕೋರ್ಟಿಗೆ ಆ ಭಯ ಇಟ್ಟುಕೊಂಡು ಹೋಗಬೇಡ. ದಾವೆ ಹಾಕಿದ ಕೆಲವೇ ವಾರಗಳಲ್ಲಿ ಇಬ್ಬರನ್ನೂ ಕರೆದು ರಾಜಿ ಮಾತು ಆಡಿಸುತ್ತಾರೆ. ವಕೀಲರು ಬೇಕೇ ಬೇಕು ಅಂತಿಲ್ಲ. ಕೋರ್ಟಿನಲ್ಲೇ ಒಂದು ಕೌಂಟರ್ ಇದೆ, ನೀನು ಬಾಯಲ್ಲಿ ಹೇಳಿದ್ದನ್ನು ಅವರೇ ದಾವೆಯಾಗಿ ಬರೆದುಕೊಳ್ಳುತ್ತಾರೆ. ಮೊದಲ ಹಂತದಲ್ಲಿ ಸೋತರೂ ಕಂಪನಿಯ ವಕೀಲರ ಬಿಲ್ಲು ನಿನ್ನ ತಲೆಗೆ ಬರುವುದಿಲ್ಲ. ನನ್ನದು ರಾಜಿಯಲ್ಲೇ ಮುಗಿಯಿತು. ನೋಟಿಸ್ ಅವಧಿ ಪೂರ್ತಿ ಸಿಕ್ಕಿತು, ಪರಿಹಾರವೂ ಸಿಕ್ಕಿತು. ಅಷ್ಟು ವರ್ಷ ದುಡಿದ ಜಾಗದಲ್ಲಿ ಹಾಗೆ ನಡೆಸಿಕೊಂಡರಲ್ಲ ಎಂಬ ನೋವು ಮಾತ್ರ ದುಡ್ಡಿನಿಂದ ಹೋಗಲಿಲ್ಲ. ಆದರೆ ಪೆನ್ಶನ್‌ವರೆಗಿನ ದಾರಿ ಸುಗಮವಾಯಿತು.

ಈಗ ಆ ಹಿರಿಯರ ಕಾಗದ. ನೀನು ಹೇಳಿದ್ದು ನೋಡಿದರೆ ಅದು ವಜಾ ಪತ್ರ ಅಲ್ಲ, "ಇಬ್ಬರೂ ಒಪ್ಪಿ ಬಿಡುತ್ತಿದ್ದೇವೆ" ಎಂಬ ಒಪ್ಪಂದ. ಔಫ್‌ಹೇಬುಂಗ್ಸ್‌ಫರ್ಟ್ರಾಗ್ ಅನ್ನುತ್ತಾರೆ. ಅದಕ್ಕೆ ಸಹಿ ಹಾಕಿದರೆ ತಾನಾಗಿ ಕೆಲಸ ಬಿಟ್ಟ ಹಾಗೆ. ಗಟ್ಟಿ ಕಾರಣ ತೋರಿಸಲಾಗದಿದ್ದರೆ ಉದ್ಯೋಗ ಕಚೇರಿ 12 ವಾರ ಭತ್ಯೆ ತಡೆಯುತ್ತದೆ. ಎಲ್ಲರೂ ಇಷ್ಟನ್ನೇ ಹೇಳುತ್ತಾರೆ. ಒಟ್ಟು ಅವಧಿಯಲ್ಲೂ ಕಡಿಮೆಯೆಂದರೆ ಕಾಲು ಭಾಗ ಕತ್ತರಿಸುತ್ತಾರೆ ಎಂಬುದನ್ನು ಯಾರೂ ಹೇಳುವುದಿಲ್ಲ. 12 ತಿಂಗಳು ಸಿಗಬೇಕಾದ ಹುಡುಗನಿಗೆ ಹೋಗುವುದು 3 ತಿಂಗಳು. 24 ತಿಂಗಳು ಸಿಗಬೇಕಾದ ಹಿರಿಯರಿಗೆ ಹೋಗುವುದು 6 ತಿಂಗಳು. ವಯಸ್ಸಾದಷ್ಟೂ ಆ ಸಹಿ ದುಬಾರಿ.

ಅವರ ಲೆಕ್ಕವನ್ನೇ ಹಾಕಿ ನೋಡು. 55 ತುಂಬಿದವರಿಗೆ 18 ತಿಂಗಳು, 58 ತುಂಬಿದವರಿಗೆ 24 ತಿಂಗಳು ಭತ್ಯೆ. ಇದಕ್ಕೆ ಹಿಂದಿನ 5 ವರ್ಷಗಳಲ್ಲಿ ಕ್ರಮವಾಗಿ 36, 48 ತಿಂಗಳು ವಿಮೆ ಕಟ್ಟಿರಬೇಕು, ಅವರು ಕಟ್ಟಿದ್ದಾರೆ. ಇನ್ನು 5 ತಿಂಗಳಿಗೆ ಅವರಿಗೆ 58 ತುಂಬುತ್ತದೆ ಅಂತ ನೀನೇ ಬರೆದಿದ್ದೀಯ. ಸೇವೆ 20 ವರ್ಷ ದಾಟಿದೆ, ಹಾಗಾಗಿ ಕಾನೂನು ಪ್ರಕಾರ ಕಂಪನಿ 7 ತಿಂಗಳ ನೋಟಿಸ್ ಕೊಡಬೇಕು. ಈಗ ಸಹಿ ಹಾಕಿ ಹೊರಟರೆ 18ರಲ್ಲಿ ಕಾಲು ಭಾಗ ಹೋಗಿ ಉಳಿಯುವುದು ಹದಿಮೂರೂವರೆ ತಿಂಗಳು. ಸಹಿ ಹಾಕದೆ ನೋಟಿಸ್ ಅವಧಿ ಮುಗಿಸಿದರೆ 7 ತಿಂಗಳ ಸಂಬಳ, ಆಮೇಲೆ 24 ತಿಂಗಳ ಭತ್ಯೆ. ಕಂಪನಿ ತೋರಿಸುತ್ತಿರುವ ದುಡ್ಡನ್ನು ಇದರ ಪಕ್ಕ ಇಟ್ಟು ನೋಡಲಿ.

ಪತ್ರ ಬಂದಮೇಲೆ ಮನೆಯಲ್ಲಿ ಬೇಸರ ಮಾಡಿಕೊಂಡು ಕೂರುವ ಹಾಗಿಲ್ಲ. ಕೆಲಸ ಮುಗಿಯುವುದಕ್ಕೆ 3 ತಿಂಗಳ ಮೊದಲೇ ಉದ್ಯೋಗ ಕಚೇರಿಗೆ ಕೆಲಸ ಹುಡುಕುತ್ತಿದ್ದೇನೆ ಅಂತ ತಿಳಿಸಬೇಕು. ಅಷ್ಟು ಸಮಯ ಇಲ್ಲದಿದ್ದರೆ ಗೊತ್ತಾದ 3 ದಿನದೊಳಗೆ. ತಡವಾದರೆ ಒಂದು ವಾರದ ಭತ್ಯೆ ಹೋಯಿತು. ಕೆಲಸವಿಲ್ಲದ ಮೊದಲ ದಿನಕ್ಕೆ ನಿರುದ್ಯೋಗಿ ಅಂತ ಮತ್ತೆ ಬೇರೆ ನೋಂದಣಿ. ಇವು ಎರಡು ಬೇರೆ ಕೆಲಸ, ತುಂಬ ಜನ ಒಂದೇ ಅಂದುಕೊಳ್ಳುತ್ತಾರೆ. ಉದ್ಯೋಗ ಕಚೇರಿಯ ನಿರ್ಧಾರ ತಪ್ಪು ಅನ್ನಿಸಿದರೆ ಒಂದು ತಿಂಗಳೊಳಗೆ ಆಕ್ಷೇಪಣೆ ಬರೆದುಕೊಡಬಹುದು. ಕೊಡು. ಭತ್ಯೆ ಬರುತ್ತಿರುವಾಗ ಚೌತಿಗೆ ಊರಿಗೆ ಬರುವುದಿದ್ದರೂ ಮೊದಲೇ ಆ ಕಚೇರಿಯ ಒಪ್ಪಿಗೆ ಪಡೆದೇ ಬರಬೇಕು, ವರ್ಷಕ್ಕೆ 3 ವಾರದವರೆಗೆ ಭತ್ಯೆ ನಿಲ್ಲುವುದಿಲ್ಲ.

ನಿನ್ನ ವಿಷಯ. ಗೋವಾದಲ್ಲಿ ದುಡಿದ ವರ್ಷಗಳು ಇದಕ್ಕೆ ಲೆಕ್ಕವಿಲ್ಲ. ಜರ್ಮನಿಯಲ್ಲಿ 12 ತಿಂಗಳು ಕಟ್ಟಿದರೆ 6 ತಿಂಗಳ ಹಕ್ಕು, 2 ವರ್ಷ ಕಟ್ಟಿದರೆ 12 ತಿಂಗಳದ್ದು, 50 ದಾಟಿ 30 ತಿಂಗಳು ಕಟ್ಟಿದ್ದರೆ 15 ತಿಂಗಳದ್ದು. ನಿನ್ನ ವೀಸಾ ಕೆಲಸಕ್ಕೆ ಅಂಟಿಕೊಂಡಿರುವುದರಿಂದ ಕೆಲಸ ಹೋದರೆ 2 ವಾರದೊಳಗೆ ವಿದೇಶಿಯರ ಕಚೇರಿಗೂ ತಿಳಿಸಬೇಕು. ಈ ತಿಂಗಳೇ ಐಜಿ ಮೆಟಲ್ ಯೂನಿಯನ್ ಸೇರು. ಸಂಬಳದ ಶೇ. 1 ಹೋಗುತ್ತದೆ ನಿಜ. ಆದರೆ ಸೇರಿ 3 ತಿಂಗಳಾದ ಮೇಲೆ ಇಂಥ ಕೇಸಿಗೆ ಅವರೇ ವಕೀಲರನ್ನು ಕೊಡುತ್ತಾರೆ. ತೊಂದರೆ ಬಂದ ದಿನ ಸೇರಿದರೆ ಪ್ರಯೋಜನವಿಲ್ಲ.

ಇದನ್ನು ಓದಿದ ಕೂಡಲೇ ಆ ಹಿರಿಯರಿಗೆ ಫೋನ್ ಮಾಡು, ನಾಳೆಗೆ ಇಡಬೇಡ. ಯೋಚಿಸಲು ಸಮಯ ಬೇಕು ಅಂತ ಹೇಳಿ ಆ ಒಪ್ಪಂದವನ್ನು ಮನೆಗೆ ತರಲಿ. ಕಂಪನಿಯವರು ಒತ್ತಾಯ ಮಾಡಿದರೆ ನೌಕರರ ಸಮಿತಿಯ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಮಾತಿಗೆ ಹೋಗಲಿ.