ಚಾರಣಕ್ಕೆ ಹೊಂದುವ ಬ್ಯಾಕ್‌ಪ್ಯಾಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಣಿಪಾಲದಲ್ಲಿ ಉದ್ಯೋಗದಲ್ಲಿದ್ದೇನೆ. ಕೊಡಚಾದ್ರಿ, ಕುದುರೆಮುಖಗಳನ್ನು ಒಂದೇ ದಿನದಲ್ಲಿ ಹತ್ತಿ ಇಳಿದ ಅನುಭವವಿದೆ. ಜೂನ್ ಕೊನೆಯಲ್ಲಿ ಗೆಳೆಯರೊಂದಿಗೆ ಹಿಮಾಚಲದ ಹಂಪ್ಟಾ ಪಾಸ್‌ಗೆ ಐದು ದಿನಗಳ ಚಾರಣ ಹೊರಟಿದ್ದೇನೆ. ಅಭ್ಯಾಸಕ್ಕೆಂದು ಆಫೀಸಿನ ಲ್ಯಾಪ್‌ಟಾಪ್ ಬ್ಯಾಗಿಗೆ ಎಂಟು ಕಿಲೋ ತುಂಬಿ ನಡೆದಾಗ ಒಂದು ಗಂಟೆಯೊಳಗೆ ಹೆಗಲು ಉರಿಯತೊಡಗಿತು, ಬೆರಳುಗಳು ಜೋಮು ಹಿಡಿದವು. ಎಷ್ಟು ಲೀಟರಿನ ಬ್ಯಾಗ್ ಕೊಳ್ಳಲಿ? ನನ್ನ ಎತ್ತರ ಐದಡಿ ಹತ್ತಿಂಚು; ಆದ್ದರಿಂದ ದೊಡ್ಡ ಸೈಜೇ ಬೇಕೆಂದು ಅಂಗಡಿಯವರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಲೀಟರಿನ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮೊದಲು ಗಮನಿಸಬೇಕಾದದ್ದು ಬೆರಳುಗಳು ಜೋಮು ಹಿಡಿದ ಸಂಗತಿ. ಲ್ಯಾಪ್‌ಟಾಪ್ ಬ್ಯಾಗಿಗೆ ಒಳಚೌಕಟ್ಟೂ ಇಲ್ಲ, ಭಾರ ಹೊರಬಲ್ಲ ಸೊಂಟಪಟ್ಟಿಯೂ ಇಲ್ಲ. ಹೀಗಾಗಿ ತುಂಬಿದ ಅಷ್ಟೂ ಭಾರ ಹೆಗಲಪಟ್ಟಿಗಳ ಮೇಲೆ ಬೀಳುತ್ತದೆ. ಕತ್ತಿನಿಂದ ಹೊರಟು ತೋಳಿಗೆ ಇಳಿಯುವ ನರಗಳ ಗೊಂಚಲು ಆ ಪಟ್ಟಿಗಳ ಅಡಿಯಲ್ಲಿ ಒತ್ತಿಹೋಗುತ್ತದೆ. ಸೈನಿಕರಲ್ಲಿ ಮತ್ತು ಚಾರಣಿಗರಲ್ಲಿ ಕಾಣಿಸುವ ಇದರ ತೀವ್ರ ರೂಪಕ್ಕೆ ವೈದ್ಯರು ರಕ್‌ಸ್ಯಾಕ್ ಪಾಲ್ಸಿ ಎಂದೇ ಹೆಸರಿಟ್ಟಿದ್ದಾರೆ. ಆ ಹಂತದಲ್ಲಿ ತೋಳನ್ನು ಎತ್ತುವುದೂ ಕಷ್ಟವಾಗುತ್ತದೆ. ಬ್ಯಾಗ್ ಕೆಳಗಿಟ್ಟ ಮೇಲೂ ನಿಮ್ಮ ಜೋಮು ಉಳಿದಿದ್ದರೆ ಹೊಸ ಬ್ಯಾಗ್ ಹುಡುಕುವ ಮೊದಲು ವೈದ್ಯರನ್ನು ಕಾಣಿರಿ. ಉಳಿದಿಲ್ಲವಾದರೆ, ಆ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಅಭ್ಯಾಸ ಮಾಡುವುದನ್ನು ಮಾತ್ರ ಇಂದೇ ನಿಲ್ಲಿಸಿರಿ.

ಹಲವು ದಿನ ನಡೆಯುವಾಗ ಹೊರೆಯನ್ನು ಹೊರಬೇಕಾದದ್ದು ಸೊಂಟವೇ ಹೊರತು ಹೆಗಲಲ್ಲ. ಸೊಂಟದ ಎಲುಬಿನ ಮೇಲೆ ಕುಳಿತ ಭಾರ ನೇರವಾಗಿ ಕಾಲುಗಳಿಗೆ ಇಳಿಯುತ್ತದೆ, ದೇಹದ ಅತಿ ಬಲವಾದ ಸ್ನಾಯುಗಳು ಇರುವುದೂ ಅಲ್ಲಿಯೇ. 1950ರ ದಶಕದಲ್ಲಿ ಅಮೆರಿಕದ ಡಿಕ್ ಕೆಲ್ಟಿ ಹಗುರವಾದ ಅಲ್ಯೂಮಿನಿಯಂ ಚೌಕಟ್ಟಿಗೆ ಸೊಂಟಪಟ್ಟಿಯನ್ನು ಜೋಡಿಸಿ ಮಾರಾಟಕ್ಕೆ ತಂದ ಮೇಲೆ ಚಾರಣದ ಬ್ಯಾಗುಗಳ ರೂಪವೇ ಬದಲಾಯಿತು. ಇಂದಿನ ಬ್ಯಾಗುಗಳಲ್ಲಿ ಚೌಕಟ್ಟು ಬಟ್ಟೆಯ ಒಳಗೆ ಅಡಗಿದೆ. ತತ್ತ್ವ ಮಾತ್ರ ಅದೇ. ಸರಿಯಾಗಿ ಹೊಂದಿದ ಬ್ಯಾಗಿನಲ್ಲಿ ಭಾರದ ಬಹುಪಾಲನ್ನು ಸೊಂಟವೇ ಹೊರುತ್ತದೆ, ಹೆಗಲಪಟ್ಟಿಗಳು ಬ್ಯಾಗು ಹಿಂದಕ್ಕೆ ವಾಲದಂತೆ ಹಿಡಿದಿಡುತ್ತವೆ.

ಹಾಗಾಗಬೇಕಾದರೆ ಬ್ಯಾಗಿನ ಉದ್ದ ನಿಮ್ಮ ಬೆನ್ನಿನ ಉದ್ದಕ್ಕೆ ಸರಿಹೊಂದಬೇಕು. ಅಂಗಡಿಯವರು ಹೇಳಿದಂತೆ ದೇಹದ ಎತ್ತರದಿಂದ ಇದನ್ನು ನಿರ್ಧರಿಸಲು ಬರುವುದಿಲ್ಲ. ಐದಡಿ ಹತ್ತಿಂಚು ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದವಿದ್ದು ಬೆನ್ನು ಗಿಡ್ಡವಾಗಿರಬಹುದು, ಇನ್ನೊಬ್ಬರಿಗೆ ಇದರ ತದ್ವಿರುದ್ಧ ಇರಬಹುದು. ಅಳೆಯುವುದು ಸುಲಭ, ಜೊತೆಗೆ ಇನ್ನೊಬ್ಬರು ಮತ್ತು ಟೈಲರ್ ಟೇಪ್ ಇದ್ದರೆ ಸಾಕು. ತಲೆಯನ್ನು ಮುಂದಕ್ಕೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಎಲುಬು ಉಬ್ಬಿ ಕೈಗೆ ಸಿಗುತ್ತದೆ. ಅಳತೆ ಅಲ್ಲಿಂದ ಆರಂಭ. ಅನಂತರ ಎರಡೂ ಅಂಗೈಗಳನ್ನು ಪಕ್ಕೆಯ ಮೇಲಿನಿಂದ ಕೆಳಕ್ಕೆ ಜಾರಿಸಿದರೆ ಸೊಂಟದ ಎಲುಬಿನ ಮೇಲಂಚು ತಡೆಯುತ್ತದೆ. ಹೆಬ್ಬೆರಳುಗಳನ್ನು ಬೆನ್ನ ಹಿಂದಕ್ಕೆ ಚಾಚಿ ಆ ಮಟ್ಟದಲ್ಲೇ ಹಿಡಿಯಿರಿ. ಅವೆರಡನ್ನೂ ಸೇರಿಸುವ ಗೆರೆ ಬೆನ್ನೆಲುಬನ್ನು ಎಲ್ಲಿ ದಾಟುತ್ತದೆಯೋ ಅಲ್ಲಿಗೆ ಅಳತೆ ಮುಗಿಯುತ್ತದೆ. ತಲೆ ಎತ್ತಿ ನೇರವಾಗಿ ನಿಂತು, ಟೇಪ್ ಬೆನ್ನಿನ ಬಾಗನ್ನು ಅನುಸರಿಸುವಂತೆ ಹಿಡಿಸಿರಿ. ಅಳತೆ 45ರಿಂದ 50 ಸೆಂಟಿಮೀಟರ್ ಒಳಗಿದ್ದರೆ ಸಾಮಾನ್ಯವಾಗಿ ಮೀಡಿಯಂ ಹೊಂದುತ್ತದೆ. ಆದರೆ ಎಸ್, ಎಂ, ಎಲ್ ಅಕ್ಷರಗಳ ಅಳತೆ ಕಂಪೆನಿಯಿಂದ ಕಂಪೆನಿಗೆ ಬದಲಾಗುವುದರಿಂದ ಸೆಂಟಿಮೀಟರ್ ಲೆಕ್ಕವನ್ನೇ ಕೇಳಿರಿ. ಹೆಗಲಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ಬೆನ್ನಿನ ಉದ್ದವನ್ನು ಹೊಂದಿಸಿಕೊಳ್ಳಬಹುದಾದ ಬ್ಯಾಗುಗಳೂ ಸಿಗುತ್ತವೆ. ಮೊದಲ ಸಲ ಕೊಳ್ಳುವವರಿಗೆ ನಾನು ಅವನ್ನೇ ಸೂಚಿಸುತ್ತೇನೆ.

ಖಾಲಿ ಬ್ಯಾಗನ್ನು ಕನ್ನಡಿಯ ಮುಂದೆ ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಖಾಲಿ ಇರುವಾಗ ಎಲ್ಲ ಬ್ಯಾಗುಗಳೂ ಹಿತವಾಗಿಯೇ ಇರುತ್ತವೆ. ಐದು ಕಿಲೋ ಕುಚ್ಚಲಕ್ಕಿಯ ಎರಡು ಕಟ್ಟುಗಳನ್ನೂ ಒಂದೆರಡು ಹೊದಿಕೆಗಳನ್ನೂ ಮನೆಯಿಂದಲೇ ಒಯ್ಯಿರಿ, ಸಂಕೋಚಪಡಬೇಡಿ. ತಳಕ್ಕೆ ಹೊದಿಕೆ, ಅದರ ಮೇಲೆ ಬೆನ್ನಿಗೆ ತಾಗುವಂತೆ ಅಕ್ಕಿ ಇಟ್ಟು, ಎಲ್ಲ ಪಟ್ಟಿಗಳನ್ನೂ ಸಡಿಲಿಸಿ ಬ್ಯಾಗು ಹೊರಿರಿ. ಮೊದಲು ಬಿಗಿಯಬೇಕಾದದ್ದು ಸೊಂಟಪಟ್ಟಿ. ಅದರ ಮೆತ್ತೆಯ ಅಗಲದ ನಡುಭಾಗ ಸೊಂಟದ ಎಲುಬಿನ ಮೇಲಂಚನ್ನು ಅಪ್ಪಿ ಕೂರಬೇಕು; ಹೊಟ್ಟೆಯ ಮೇಲೆ ಕುಳಿತರೆ ಉಸಿರಿಗೆ ತೊಂದರೆ, ಕೆಳಗೆ ಜಾರಿದರೆ ತೊಡೆ ಎತ್ತುವುದಕ್ಕೆ ತೊಂದರೆ. ಅನಂತರ ಹೆಗಲಪಟ್ಟಿಗಳನ್ನು ಮೈಗೆ ತಾಗುವಷ್ಟು ಮಾತ್ರ ಎಳೆಯಿರಿ. ಹೆಗಲ ಮೇಲ್ಭಾಗ ಮತ್ತು ಪಟ್ಟಿಯ ನಡುವೆ ಬೆಳಕು ಕಾಣುವಷ್ಟು ಸಂದು ಉಳಿದರೆ ಬ್ಯಾಗು ನಿಮಗೆ ಉದ್ದವಾಯಿತು. ಪಟ್ಟಿ ಬೆನ್ನಿನ ಮೇಲೆ ತೀರ ಕೆಳಗಿನಿಂದ ಹೊರಟು ಹೆಗಲನ್ನು ಕೆಳಕ್ಕೆ ಜಗ್ಗುತ್ತಿದ್ದರೆ ಗಿಡ್ಡವಾಯಿತು. ಹೆಗಲ ಮೇಲಿನಿಂದ ಬ್ಯಾಗಿನ ತಲೆಯ ಕಡೆಗೆ ಹೋಗುವ ಸಣ್ಣ ಪಟ್ಟಿಗಳಿಗೆ ಲೋಡ್ ಲಿಫ್ಟರ್ ಎನ್ನುತ್ತಾರೆ. ಅವು ಸುಮಾರು 45 ಡಿಗ್ರಿ ಓರೆಯಲ್ಲಿ ನಿಲ್ಲಬೇಕು, ಅತಿಯಾಗಿ ಬಿಗಿಯಬಾರದು. ಎದೆಪಟ್ಟಿ ಕೊನೆಗೆ. ಹೀಗೆ ಹೊತ್ತು ಕನಿಷ್ಠ ಇಪ್ಪತ್ತು ನಿಮಿಷ ನಡೆಯಿರಿ, ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಇಷ್ಟಕ್ಕೆ ಅವಕಾಶ ಕೊಡದ ಅಂಗಡಿಯಲ್ಲಿ ಬ್ಯಾಗ್ ಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಹಿಂದಿರುಗಿಸುವ ಸೌಲಭ್ಯ ಇದೆಯೇ ಎಂದು ನೋಡಿಕೊಂಡು, ಲೇಬಲ್ ಕೀಳದೆ ಮನೆಯೊಳಗೇ ಈ ಪರೀಕ್ಷೆ ಮಾಡಿರಿ.

ಇನ್ನು ಲೀಟರ್. ಹಂಪ್ಟಾ ಪಾಸ್ ಸುಮಾರು 4,270 ಮೀಟರ್ ಎತ್ತರದಲ್ಲಿದೆ, ಜೂನ್‌ನಲ್ಲಿ ಅಲ್ಲಿ ಹಿಮ ಇರುತ್ತದೆ. ಹಾಗಾಗಿ ದಪ್ಪ ಜಾಕೆಟ್, ಉಣ್ಣೆಯ ಒಳಉಡುಪು, ಮಳೆಯ ಉಡುಪು ಬಿಡುವಂತಿಲ್ಲ. ಡೇರೆ, ಮಲಗುವ ಚೀಲ ಮತ್ತು ಊಟದ ವ್ಯವಸ್ಥೆಯನ್ನು ಚಾರಣ ಆಯೋಜಕರೇ ನೋಡಿಕೊಳ್ಳುವುದಾದರೆ 45ರಿಂದ 55 ಲೀಟರ್ ಧಾರಾಳವಾಯಿತು. ಎಲ್ಲವನ್ನೂ ನೀವೇ ಹೊರುವುದಾದರೆ 60–65 ಲೀಟರ್ ಬೇಕಾಗುತ್ತದೆ. ಅದಕ್ಕಿಂತ ದೊಡ್ಡದು ಬೇಡ. ಜಾಗವಿದೆ ಎಂದು ಏನನ್ನಾದರೂ ತುರುಕುವುದು ಮನುಷ್ಯ ಸ್ವಭಾವ. ತುಂಬಿದ ಬ್ಯಾಗು ದೇಹದ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದು ಎಂಬ ರೂಢಿಯ ನಿಯಮದಂತೆ 70 ಕಿಲೋ ತೂಗುವವರಿಗೆ 14 ಕಿಲೋ ಮೇಲಿನ ಮಿತಿ. ಎತ್ತರದಲ್ಲಿ ಉಸಿರೇ ಸಾಲದಾಗುವುದರಿಂದ ನೀವು ಹತ್ತು ಕಿಲೋ ಆಸುಪಾಸಿನಲ್ಲಿ ನಿಲ್ಲಿಸಿರಿ. ಎರಡು ಲೀಟರ್ ನೀರೇ ಎರಡು ಕಿಲೋ ಆಗುತ್ತದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿರಿ. ಖಾಲಿ ಬ್ಯಾಗಿನ ತೂಕ ಎರಡು ಕಿಲೋ ದಾಟದಿರಲಿ.

ಹೊರಡುವ ಮೊದಲು ಅದೇ ಬ್ಯಾಗಿನಲ್ಲಿ, ಅದೇ ಬೂಟಿನಲ್ಲಿ, ಪೂರ್ಣ ಭಾರ ಹೊತ್ತು ಕೆಲವು ವಾರ ಅಭ್ಯಾಸ ಮಾಡಿರಿ. ಬೆಳ್ತಂಗಡಿ ಬಳಿಯ ಗಡಾಯಿಕಲ್ಲಿನ ಕಲ್ಲು ಮೆಟ್ಟಿಲುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ; ಮಳೆ ಹಿಡಿಯುವ ಮುನ್ನ, ಪ್ರವೇಶಕ್ಕೆ ಅನುಮತಿ ಇದೆಯೇ ಎಂದು ವಿಚಾರಿಸಿಕೊಂಡು, ಬೆಳಗಿನ ತಂಪಿನಲ್ಲಿ ಹೋಗಿರಿ.

ಪ್ರಶ್ನೆ: ಮಂಗಳೂರಿನ ಕದ್ರಿಯವಳು, ಎತ್ತರ ಐದಡಿ ಒಂದಿಂಚು. ಅಣ್ಣನ 60 ಲೀಟರ್ ಬ್ಯಾಗನ್ನು ಹೊತ್ತು ಚಾರಣಕ್ಕೆ ಹೋದಾಗ ಸೊಂಟಪಟ್ಟಿ ಎಷ್ಟು ಬಿಗಿದರೂ ಜಾರುತ್ತಿತ್ತು, ಹೆಗಲಪಟ್ಟಿ ಕತ್ತಿಗೆ ಉಜ್ಜಿ ಚರ್ಮ ಕೆಂಪಾಯಿತು, ಬೆನ್ನು ಬೆವರಿನಿಂದ ತೊಯ್ದುಹೋಯಿತು. ಮಹಿಳೆಯರ ಬ್ಯಾಗ್ ಎಂದು ಮಾರುವುದು ಬರೀ ಬಣ್ಣದ ವ್ಯತ್ಯಾಸವೇ? ಬೆನ್ನಿಗೆ ಬಲೆ ಇರುವ ಬ್ಯಾಗ್ ಕೊಂಡರೆ ಬೆವರು ಕಡಿಮೆಯಾಗುವುದೇ?

ಉತ್ತರ: ನೀವು ಹೇಳಿದ ಮೊದಲೆರಡು ತೊಂದರೆಗಳು ಬೇರೆಯವರ ಬೆನ್ನಿಗೆ ಹೊಂದಿಸಿದ ಬ್ಯಾಗನ್ನು ಹೊತ್ತದ್ದರಿಂದ ಬಂದವು. ಒಳ್ಳೆಯ ಕಂಪೆನಿಗಳ ಮಹಿಳಾ ಮಾದರಿಗಳಲ್ಲಿ ವ್ಯತ್ಯಾಸ ಬಣ್ಣದ್ದಷ್ಟೇ ಅಲ್ಲ: ಬೆನ್ನಿನ ಉದ್ದ ಕಡಿಮೆ, ಹೆಗಲಪಟ್ಟಿಗಳು ಒಂದಕ್ಕೊಂದು ಹತ್ತಿರವಿದ್ದು ಎದೆಯನ್ನು ಬಳಸಿ ಬಾಗಿರುತ್ತವೆ, ಸೊಂಟಪಟ್ಟಿ ಅಗಲವಾದ ಸೊಂಟಕ್ಕೆ ತಕ್ಕಂತೆ ಓರೆಯಾಗಿರುತ್ತದೆ. ಪಟ್ಟಿ ಕೊನೆಯವರೆಗೆ ಎಳೆದ ಮೇಲೂ ಮುಂಭಾಗದ ಮೆತ್ತೆಗಳೆರಡು ಒಂದಕ್ಕೊಂದು ತಾಗುತ್ತಿದ್ದರೆ ಆ ಸೊಂಟಪಟ್ಟಿ ನಿಮಗೆ ದೊಡ್ಡದು ಎಂದೇ ಅರ್ಥ. ಹಾಗೆಂದು ಹೆಸರುಪಟ್ಟಿಗೆ ಕಟ್ಟುಬೀಳಬೇಕಿಲ್ಲ. ಸಪೂರ ಹೆಗಲಿನ ಗಂಡಸರಿಗೆ ಇದೇ ಮಾದರಿ ಹಿತವಾಗುವುದುಂಟು, ನಿಮಗೆ ಪುರುಷರ ಸಣ್ಣ ಸೈಜ್ ಹೊಂದಿದರೂ ಆಶ್ಚರ್ಯವಿಲ್ಲ. ಭಾರ ತುಂಬಿ ನಡೆದು ನೋಡಿಯೇ ನಿರ್ಧರಿಸಿರಿ.

ಬೆವರಿನ ವಿಷಯ ನಮ್ಮ ಕರಾವಳಿಯವರಿಗೆ ಸಣ್ಣದಲ್ಲ. ಚೌಕಟ್ಟಿನ ಮೇಲೆ ಬಲೆಯನ್ನು ಬಿಗಿದು, ಬೆನ್ನು ಮತ್ತು ಬ್ಯಾಗಿನ ನಡುವೆ ಗಾಳಿಯಾಡಲು ಜಾಗ ಬಿಡುವ ವಿನ್ಯಾಸವನ್ನು ಜರ್ಮನಿಯ ಡಾಯ್ಟರ್ ಕಂಪೆನಿ 1984ರಲ್ಲಿ ತಂದಿತು. ಈಗ ಅನೇಕರು ಇದನ್ನು ಅನುಸರಿಸುತ್ತಾರೆ. ಇದರಿಂದ ಬೆನ್ನು ಒದ್ದೆಯಾಗುವುದು ಖಂಡಿತ ಕಡಿಮೆಯಾಗುತ್ತದೆ. ಆದರೆ ಆ ಗಾಳಿಯ ಸಂದಿನಷ್ಟೇ ಹೊರೆಯೂ ಬೆನ್ನಿನಿಂದ ದೂರ ಸರಿಯುತ್ತದೆ, ದೂರ ಸರಿದ ಭಾರ ಹಿಂದಕ್ಕೆ ಎಳೆಯುತ್ತದೆ. ಎಂಟು ಹತ್ತು ಕಿಲೋವರೆಗೆ ಇದು ಅಷ್ಟಾಗಿ ತಿಳಿಯದು. ಅದಕ್ಕೂ ಹೆಚ್ಚು ಹೊರುವವರಿಗೆ, ಬಂಡೆ ಹತ್ತಿ ಇಳಿಯುವ ದಾರಿಯಲ್ಲಿ ಹೋಗುವವರಿಗೆ ಬೆನ್ನಿಗೆ ಅಂಟಿ ಕೂರುವ ಫೋಮ್ ಮೆತ್ತೆಯ ಬ್ಯಾಗೇ ಮೇಲು. ನಿಮ್ಮ ಚಾರಣಗಳು ಹೆಚ್ಚಾಗಿ ಪಶ್ಚಿಮ ಘಟ್ಟದಲ್ಲೇ ಆಗಿದ್ದು ಹೊರೆ ಹಗುರವಾಗಿದ್ದರೆ ಬಲೆಯ ಬೆನ್ನನ್ನು ನಿಶ್ಚಿಂತೆಯಿಂದ ಆರಿಸಬಹುದು. ಕತ್ತಿನ ಬಳಿ ಉಜ್ಜುವುದನ್ನು ತಡೆಯಲು ಕಾಲರ್ ಇರುವ ಅಂಗಿ ಧರಿಸಿರಿ. ಹತ್ತಿಯ ಅಂಗಿ ಬೇಡ. ಒದ್ದೆಯಾದರೆ ಬೇಗ ಒಣಗುವುದಿಲ್ಲ, ಒದ್ದೆ ಬಟ್ಟೆಯೇ ಚರ್ಮವನ್ನು ತರಚುತ್ತದೆ.

ಪ್ರಶ್ನೆ: ಬ್ಯಾಗಿನ ಜೊತೆಗೆ ಬರುವ ರೇನ್ ಕವರ್ ನಮ್ಮ ಘಟ್ಟದ ಮಳೆಗೆ ಸಾಕಾಗುತ್ತದೆಯೇ? (ಕಾರ್ಕಳದಿಂದ)

ಉತ್ತರ: ಸಾಕಾಗುವುದಿಲ್ಲ. ರೇನ್ ಕವರ್ ಬೆನ್ನಿನ ಬದಿಯನ್ನು ಮುಚ್ಚುವುದಿಲ್ಲ. ಕತ್ತಿನಿಂದ ಇಳಿದ ನೀರು ಬೆನ್ನಿನ ಮೆತ್ತೆಯ ಮೂಲಕ ಒಳಗೆ ಇಳಿಯುತ್ತದೆ, ಕವರಿನ ತಳದಲ್ಲೂ ನಿಲ್ಲುತ್ತದೆ. ಆಗುಂಬೆಯ ಸುತ್ತಿನ ಮಳೆಯಲ್ಲಿ ನಡೆಯುವವರು ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ಕಿನ ದೊಡ್ಡ ಚೀಲವನ್ನು ಹಾಸಿ, ಬಟ್ಟೆಯನ್ನೂ ಮಲಗುವ ಚೀಲವನ್ನೂ ಅದರೊಳಗಿಟ್ಟು, ಬಾಯಿಯನ್ನು ತಿರುಚಿ ಮಡಚಿಡಬೇಕು. ಕವರ್ ಅದರ ಮೇಲಿನ ಹೆಚ್ಚುವರಿ ರಕ್ಷಣೆ ಮಾತ್ರ.

ಪ್ರಶ್ನೆ: ಕುಂದಾಪುರದ ನಮ್ಮ ಮನೆಯ ಅಟ್ಟದಲ್ಲಿ ಎರಡು ಮಳೆಗಾಲ ಇಟ್ಟಿದ್ದ ಬ್ಯಾಗನ್ನು ತೆಗೆದಾಗ ಒಳಮೈ ಅಂಟಂಟಾಗಿ, ಬಿಳಿಯ ಹೊಟ್ಟಿನಂತೆ ಉದುರುತ್ತಿತ್ತು; ಹುಳಿ ವಾಸನೆಯೂ ಇದೆ. ಬಳಸಿದ್ದು ತೀರ ಕಡಿಮೆ. ಇದನ್ನು ಸರಿಪಡಿಸಬಹುದೇ?

ಉತ್ತರ: ಉದುರುತ್ತಿರುವುದು ನೈಲಾನ್ ಬಟ್ಟೆಯ ಒಳಮೈಗೆ ನೀರು ತಡೆಯಲೆಂದು ಬಳಿದಿರುವ ಪಾಲಿಯುರೆಥೇನ್ ಲೇಪ. ಗಾಳಿಯ ತೇವಾಂಶ ಈ ಲೇಪದ ಅಣುಸರಪಳಿಯನ್ನು ನಿಧಾನವಾಗಿ ಕಡಿಯುತ್ತದೆ, ಸೆಕೆ ಆ ಕೆಲಸವನ್ನು ಚುರುಕುಗೊಳಿಸುತ್ತದೆ. ಸಮುದ್ರದ ಅಂಚಿನಲ್ಲಿ, ಹೆಂಚಿನ ಕೆಳಗಿನ ಅಟ್ಟದಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ಬ್ಯಾಗನ್ನು ಬಳಸದೆ ಇಟ್ಟರೆ ಹೊಸದಾಗಿಯೇ ಉಳಿಯುತ್ತದೆ ಎಂಬ ನಂಬಿಕೆ ನಮ್ಮ ಹವೆಯಲ್ಲಿ ನಡೆಯುವುದಿಲ್ಲ.

ಹಾಳಾದ ಲೇಪ ಮರಳಿ ಬರುವುದಿಲ್ಲ, ಆದರೆ ಬ್ಯಾಗನ್ನು ಎಸೆಯಬೇಕಿಲ್ಲ. ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಬಿಡುವಷ್ಟು ಲೇಪವನ್ನು ಪೂರ್ತಿ ತೆಗೆದುಬಿಡಿರಿ. ಒಂದೆರಡು ಸಲ ಮಾಡಬೇಕಾದೀತು. ನೆರಳಿನಲ್ಲಿ ಒಣಗಿದ ಮೇಲೆ ಹೊಲಿಗೆಗಳನ್ನೂ ಪಟ್ಟಿ ಸೇರುವ ಜಾಗಗಳನ್ನೂ ಎರಡೂ ಕೈಯಿಂದ ಬಲವಾಗಿ ಎಳೆದು ನೋಡಿರಿ. ಅವು ಗಟ್ಟಿಯಿದ್ದರೆ ಬ್ಯಾಗು ಇನ್ನೂ ಹೊರೆ ಹೊರಬಲ್ಲದು. ಮಳೆಯನ್ನು ತಡೆಯುವ ಕೆಲಸವನ್ನು ಮೇಲೆ ಹೇಳಿದ ಒಳಚೀಲಕ್ಕೆ ವಹಿಸಿದರಾಯಿತು. ರೇನ್ ಕವರನ್ನೂ ಬಿಡಿಸಿ ನೋಡಿರಿ, ಅದರ ಲೇಪವೂ ಹೀಗೆಯೇ ಹೋಗಿರುವ ಸಾಧ್ಯತೆ ಹೆಚ್ಚು.

ಮುಂದಕ್ಕೆ, ಪ್ರತಿ ಚಾರಣದ ಬಳಿಕ ಬೆನ್ನಿನ ಮೆತ್ತೆ ಮತ್ತು ಪಟ್ಟಿಗಳ ಬೆವರಿನ ಉಪ್ಪನ್ನು ಸಿಹಿನೀರಿನಲ್ಲಿ ತೊಳೆಯಿರಿ. ಜಿಪ್‌ಗಳ ಲೋಹದ ಭಾಗ ಹಿಡಿದುಕೊಳ್ಳುವುದು ಈ ಉಪ್ಪಿನಿಂದಲೇ. ವಾಷಿಂಗ್ ಮೆಷಿನ್ ಬೇಡ. ಬಿಸಿಲಿಗೆ ದಿನಗಟ್ಟಲೆ ಹಾಕಿದರೆ ನೈಲಾನ್ ದುರ್ಬಲವಾಗುವುದರಿಂದ ಗಾಳಿಯಾಡುವ ನೆರಳಿನಲ್ಲಿ, ಎಲ್ಲ ಜೇಬುಗಳನ್ನೂ ತೆರೆದು, ತಲೆಕೆಳಗಾಗಿ ತೂಗುಹಾಕಿರಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಒಳಗಿನ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ಅಟ್ಟದ ಬದಲು ಜನ ಓಡಾಡುವ, ಫ್ಯಾನ್ ತಿರುಗುವ ಕೋಣೆಯ ಗೋಡೆಯ ಮೊಳೆಯಲ್ಲಿ ನೇತುಹಾಕಿ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆರೆದು ಒಳಗೆ ಕೈಯಾಡಿಸಿರಿ. ಒಳಮೈ ತುಸು ಅಂಟಿದಂತೆ ಅನ್ನಿಸಿದರೂ ಅಂದೇ ಜಗಲಿಯ ಗಾಳಿಗೆ ಹಾಕಿರಿ.