ಓದುಗರ ಪ್ರಶ್ನೆ, ನಮ್ಮ ಉತ್ತರ: ಬಡತನಕ್ಕೆ ಮದ್ದು ಸರ್ಕಾರದ ಹತ್ರ ಇದ್ಯಾ, ಮಾರ್ಕೆಟ್ ಹತ್ರ ಇದ್ಯಾ?

ಪ್ರಶ್ನೆ: ಸರ್, ನಮ್ಮ ಕಾಲೇಜ್ ಡಿಬೇಟಲ್ಲಿ ಮಾರ್ಕೆಟ್ ಪರ ಮಾತಾಡಿದೋರು ಬಡತನ ಹೋಗೋಕೆ ಚೀನಾನೇ ಸಾಕ್ಷಿ ಅಂದ್ರು, ಸರ್ಕಾರದ ಪರ ಮಾತಾಡಿದೋರೂ ಚೀನಾನೇ ಸಾಕ್ಷಿ ಅಂದ್ರು. ಎರಡೂ ಹೆಂಗೆ ಸರಿಯಾಗುತ್ತೆ?

ಉತ್ತರ: ಎರಡು ಕಡೆಯೋರೂ ಅರ್ಧರ್ಧ ಕಥೆ ಹೇಳಿದ್ದಾರೆ, ಪೂರ್ತಿ ಕೇಳಿದ್ರೆ ಗೊತ್ತಾಗುತ್ತೆ.

1958ರಲ್ಲಿ ಚೀನಾದ ನಾಯಕ ಮಾವೋ ಶುರು ಮಾಡಿದ, ದೇಶಾನ ಬೇಗ ಮುಂದೆ ತರ್ತೀವಿ ಅನ್ನೋ ಗ್ರೇಟ್ ಲೀಪ್ ಫಾರ್ವರ್ಡ್ ಯೋಜನೆ ಟೈಮಲ್ಲಿ ರೈತರ ಜಮೀನೆಲ್ಲ ಕಮ್ಯೂನ್‌ಗೆ, ಅಂದ್ರೆ ಎಲ್ಲರೂ ಒಟ್ಟಿಗೆ ದುಡಿಯೋ ಸಾಮೂಹಿಕ ಬೇಸಾಯದ ಘಟಕಕ್ಕೆ ಸೇರಿತ್ತು, ಎಷ್ಟು ಬೆಳೀಬೇಕು ಎಷ್ಟು ಕೊಡಬೇಕು ಅಂತ ಮೇಲಿಂದ ಟಾರ್ಗೆಟ್ ಬರ್ತಿತ್ತು, ಕೆಳಗಿನ ಅಧಿಕಾರಿಗಳು ಭಯಕ್ಕೆ ಬೆಳೆ ಲೆಕ್ಕ ಉಬ್ಬಿಸಿ ಬರೆದು ಕಳಿಸ್ತಿದ್ರು, ಆ ಸುಳ್ಳು ಲೆಕ್ಕದ ಮೇಲೆ ಧಾನ್ಯ ಎತ್ಕೊಂಡು ಹೋಗ್ತಿದ್ರು, ಬೆಳೆದೋರಿಗೇ ತಿನ್ನೋಕೆ ಉಳೀಲಿಲ್ಲ. ಆ ಬರಗಾಲದಲ್ಲಿ ಸತ್ತೋರ ಅಂದಾಜು 1.5 ಕೋಟಿಯಿಂದ 4.5 ಕೋಟಿವರೆಗೂ ಇದೆ. ಇಷ್ಟು ದೊಡ್ಡ ಅನಾಹುತ ನಡೀತಿದ್ರೂ ತಪ್ಪು ತಪ್ಪು ಅಂತ ಹೇಳೋಕೆ ಪತ್ರಿಕೆ ಇರ್ಲಿಲ್ಲ, ವಿರೋಧ ಪಕ್ಷ ಇರ್ಲಿಲ್ಲ, ಬೇಡಿಕೆ ಎಷ್ಟಿದೆ ಅಂತ ತೋರಿಸೋ ಬೆಲೆನೂ ಇರ್ಲಿಲ್ಲ.

ಆಮೇಲೆ 1978ರ ಡಿಸೆಂಬರಲ್ಲಿ ಆನ್‌ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಅನ್ನೋ ಹಳ್ಳೀಲಿ 18 ಜನ ರೈತರು ಗುಟ್ಟಾಗಿ ಒಂದು ಒಪ್ಪಂದ ಮಾಡ್ಕೊಂಡ್ರು. ಜಮೀನು ಮನೆಮನೆಗೆ ಹಂಚ್ಕೊಳ್ಳೋದು, ಸರ್ಕಾರದ ಪಾಲು ಕೊಟ್ಟು ಉಳಿದಿದ್ದು ಅವರವರಿಗೆ, ಇದಕ್ಕೆ ಯಾರಾದ್ರೂ ಜೈಲಿಗೆ ಹೋದ್ರೆ ಅವರ ಮಕ್ಕಳನ್ನ 18 ವರ್ಷ ತುಂಬೋವರೆಗೆ ಉಳಿದೋರು ಸಾಕೋದು. ಜಮೀನು ಅದೇ, ಜನ ಅವರೇ, ಆದ್ರೂ ಮರುವರ್ಷ ಬೆಳೆ ಹಲವು ಪಟ್ಟು ಜಾಸ್ತಿ ಬಂತು. ಮುಂದೆ ಸರ್ಕಾರನೇ ಈ ಪದ್ಧತೀನ ದೇಶಕ್ಕೆಲ್ಲ ಒಪ್ಕೊಳ್ತು, ಕಾರ್ಖಾನೆ, ವ್ಯಾಪಾರ ಎಲ್ಲ ನಿಧಾನಕ್ಕೆ ಓಪನ್ ಮಾಡ್ತು, ವಿಶ್ವಬ್ಯಾಂಕ್ ಲೆಕ್ಕದಲ್ಲಿ 40 ವರ್ಷದಲ್ಲಿ ಹತ್ರಹತ್ರ 80 ಕೋಟಿ ಜನ ಕಡುಬಡತನದಿಂದ ಹೊರಗೆ ಬಂದ್ರು. ಮನುಷ್ಯ ಚರಿತ್ರೇಲಿ ಇಂಥದ್ದು ಹಿಂದೆ ಆಗಿರ್ಲಿಲ್ಲ. ಮಾರ್ಕೆಟ್ ಪರ ಮಾತಾಡಿದ ಹುಡುಗರು ಇಷ್ಟು ಹೇಳಿರ್ತಾರೆ, ಇದು ಸುಳ್ಳಲ್ಲ.

ಆದ್ರೆ ಮಾರ್ಕೆಟ್ ಬಾಗಿಲು ತೆಗೆದ ದಿನ ಆ ಬಾಗಿಲಲ್ಲಿ ನಿಂತಿದ್ದ ಜನ ಎಂಥೋರು ಅಂತ ನೋಡಿ. ಜಮೀನ್ದಾರಿಕೆ ಹೋಗಿ ದಶಕಗಳಾಗಿತ್ತು, ಅದಕ್ಕೇ ಕಮ್ಯೂನ್ ಒಡೆದಾಗ ಜಮೀನು ಹೆಚ್ಚುಕಮ್ಮಿ ಸಮನಾಗಿ ಹಂಚಿಕೆ ಆಯ್ತು, ಜಮೀನೇ ಇಲ್ಲದ ರೈತ ಅಂತ ಇರೋದು ಅಪರೂಪ. ಹಳ್ಳಿ ಹಳ್ಳೀಲಿ ಸ್ಕೂಲಿತ್ತು, ಬರಿಗಾಲ ವೈದ್ಯರು ಅಂತ ಕರೀತಿದ್ದ ಆರೋಗ್ಯ ಕಾರ್ಯಕರ್ತರಿದ್ರು, ಸರಾಸರಿ ಆಯಸ್ಸು 65ರ ಹತ್ರ ಬಂದಿತ್ತು, ಆ ಆದಾಯದ ದೇಶಕ್ಕೆ ಅದು ತುಂಬಾ ಜಾಸ್ತಿ. ಓದು ಬರಹ ಬರೋ, ಮೈಯಲ್ಲಿ ಶಕ್ತಿ ಇರೋ, ಕೈಲಿ ಜಮೀನಿರೋ ಜನಕ್ಕೆ ಅವಕಾಶ ಸಿಕ್ತು, ಅವ್ರು ಅದನ್ನ ಹಿಡ್ಕೊಂಡ್ರು. ಇನ್ನೊಂದು ವಿಷ್ಯ, ಕಮ್ಯೂನ್ ಹೋದಾಗ ಅದರ ಜೊತೇಲಿದ್ದ ಹಳ್ಳಿ ಆರೋಗ್ಯ ವ್ಯವಸ್ಥೇನೂ ಕುಸಿದು ಹೋಯ್ತು, ಕಾಯಿಲೆ ಬಂದ್ರೆ ಜೇಬಿಂದ ಕೊಡಬೇಕಾಯ್ತು, ಅದನ್ನ ಮಾರ್ಕೆಟ್ ತಾನಾಗೇ ಸರಿ ಮಾಡ್ಲಿಲ್ಲ, 2003ರಲ್ಲಿ ಸರ್ಕಾರನೇ ಹೊಸ ವಿಮೆ ತರಬೇಕಾಯ್ತು.

ನನ್ನ ಅಭಿಪ್ರಾಯ ಇಲ್ಲೇ ಹೇಳ್ಬಿಡ್ತೀನಿ, ಮುಂದಿನ ಉತ್ತರಗಳಿಗೂ ಬೇಕಾಗುತ್ತೆ. ಏನು ಬೆಳೀಬೇಕು, ಏನು ತಯಾರಿಸ್ಬೇಕು, ಎಷ್ಟಕ್ಕೆ ಮಾರ್ಬೇಕು ಅನ್ನೋದನ್ನ ಜನರಿಗೇ ಬಿಡಬೇಕು. ಮಾರ್ಕೆಟ್ಟಿಗೆ ಕಾಲಿಡೋ ಮುಂಚೆ ಪ್ರತಿ ಮನುಷ್ಯನ ಕೈಲಿ ಏನೇನಿರಬೇಕು ಅನ್ನೋದು ಮಾತ್ರ ಸರ್ಕಾರದ ಹೊಣೆ, ಅದ್ರಲ್ಲಿ ಅದು ಕೈ ಬಿಡೋ ಹಾಗೇ ಇಲ್ಲ. ದಕ್ಷಿಣ ಕೊರಿಯಾನೂ ಇದೇ ದಾರೀಲಿ ಹೋಗಿದ್ದು, 1950ರ ಆಸುಪಾಸಲ್ಲಿ ಒಂದು ಮನೆಗೆ 3 ಹೆಕ್ಟೇರಿಗಿಂತ ಜಾಸ್ತಿ ಸಾಗುವಳಿ ಜಮೀನು ಇರಬಾರದು ಅಂತ ಕಾನೂನು ತಂದು ಗೇಣಿದಾರರಿಗೆ ಕೊಡಿಸಿ, ಆಮೇಲೆ ಎಕ್ಸ್‌ಪೋರ್ಟ್, ಫ್ಯಾಕ್ಟರಿ ಅಂತ ಹೊರಟ್ರು.

ಪ್ರಶ್ನೆ: ಬೆಲೆ ಏರಿದಾಗೆಲ್ಲ ಸರ್ಕಾರ ಸುಮ್ನೆ ನೋಡ್ತಾ ಕೂರೋದ್ಯಾಕೆ? ಒಂದು ಆರ್ಡರ್ ಮಾಡಿ ರೇಟ್ ಫಿಕ್ಸ್ ಮಾಡಿದ್ರೆ ಬಡವ್ರು ಬದುಕ್ತಾರಲ್ವಾ?

ಉತ್ತರ: ನಿಮ್ಮ ಸಂಕಟ ಅರ್ಥ ಆಗುತ್ತೆ, ಆದ್ರೆ ಆರ್ಡರ್ ಮಾಡಿದ ಕಡೆ ಏನಾಗಿದೆ ನೋಡಿ. ಜಿಂಬಾಬ್ವೆಯಲ್ಲಿ 2007ರ ಜೂನಲ್ಲಿ ಸರ್ಕಾರ ಬೆಲೆ ಅರ್ಧಕ್ಕೆ ಇಳಿಸಿ ಅಂತ ಅಂಗಡಿಯವರಿಗೆ ಹೇಳಿತು, ಮಾತು ಕೇಳದ ಸಾವಿರಾರು ವ್ಯಾಪಾರಿಗಳನ್ನ ಅರೆಸ್ಟ್ ಮಾಡಿತು, ಮೊದಲ ದಿನಗಳಲ್ಲಿ ಜನ ಮುಗಿಬಿದ್ದು ಕೊಂಡ್ಕೊಂಡ್ರು, ಕೆಲವೇ ವಾರಕ್ಕೆ ಅಂಗಡಿಗಳೆಲ್ಲ ಖಾಲಿ. ತಂದ ರೇಟಿಗಿಂತ ಕಮ್ಮಿಗೆ ಮಾರಿ ಮತ್ತೆ ಯಾರು ತರ್ತಾರೆ? ವೆನೆಜುವೆಲಾದಲ್ಲಿ 2003ರಿಂದ ಆಹಾರಕ್ಕೆ ಬೆಲೆ ಕಟ್ಟಿದ್ರು, ಅಲ್ಲೂ ಕೊರತೆ, ಕ್ಯೂ, ಬ್ಲ್ಯಾಕ್ ಮಾರ್ಕೆಟ್. ಕ್ಯೂನಲ್ಲಿ ಗಂಟೆಗಟ್ಟಲೆ ನಿಂತು ಕೂಲಿ ಕಳ್ಕೊಳ್ಳೋನು ಬಡವನೇ, ಬ್ಲ್ಯಾಕಲ್ಲಿ ತಗೊಳ್ಳೋಕೆ ಆಗದೇ ಇರೋನೂ ಅವನೇ. ಬೆಲೆ ಅಂದ್ರೆ ಜ್ವರ ಅಳೆಯೋ ಥರ್ಮಾಮೀಟರ್ ಇದ್ದ ಹಾಗೆ, ಅದನ್ನ ಒಡೆದ್ರೆ ಜ್ವರ ಇಳಿಯಲ್ಲ.

ಹಂಗಂತ ಸುಮ್ನೆ ಕೂರೋದು ಇನ್ನೂ ಘೋರ. 1845ರಲ್ಲಿ ಐರ್ಲೆಂಡಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು, ಬಡವರ ಊಟನೇ ಅದು. ಆಗ ಬ್ರಿಟಿಷ್ ಖಜಾನೆಯಲ್ಲಿ ಪರಿಹಾರದ ಉಸ್ತುವಾರಿ ಇದ್ದ ಚಾರ್ಲ್ಸ್ ಟ್ರೆವೆಲ್ಯನ್‌ಗೆ ಸರ್ಕಾರ ಕೈ ಹಾಕಿದ್ರೆ ವ್ಯಾಪಾರ ಕೆಡುತ್ತೆ, ಜನ ಪರಾವಲಂಬಿ ಆಗ್ತಾರೆ ಅನ್ನೋ ನಂಬಿಕೆ ಗಟ್ಟಿಯಾಗಿತ್ತು. ಜನ ಸಾಯ್ತಿದ್ದಾಗ್ಲೂ ಅದೇ ದೇಶದಿಂದ ಧಾನ್ಯ, ದನ, ಬೆಣ್ಣೆ ಹೊರಗೆ ಹೋಗ್ತಾ ಇತ್ತು, ಯಾಕಂದ್ರೆ ದುಡ್ಡು ಕೊಡೋರು ಹೊರಗಿದ್ರು. ಸುಮಾರು 10 ಲಕ್ಷ ಜನ ಸತ್ರು, ಅಷ್ಟೇ ಜನ ದೇಶ ಬಿಟ್ರು. 1943ರ ಬಂಗಾಳದ ಕ್ಷಾಮದ ಬಗ್ಗೆ ಅಮರ್ತ್ಯ ಸೇನ್ ತೋರಿಸಿದ್ದೂ ಇದನ್ನೇ, ಆ ವರ್ಷ ಧಾನ್ಯದ ಒಟ್ಟು ಪ್ರಮಾಣ 1941ಕ್ಕಿಂತ ಕಮ್ಮಿಯೇನೂ ಇರ್ಲಿಲ್ಲ, ಯುದ್ಧದ ಖರ್ಚಿಗೆ ಬೆಲೆ ಹಾರಿತು, ಕೂಲಿಯವರ, ಮೀನುಗಾರರ ದುಡಿಮೆ ಹಾರಲಿಲ್ಲ, ಕೊಳ್ಳೋ ಶಕ್ತಿ ಇಲ್ಲದೇ ಸತ್ರು. ಅದಕ್ಕೇ ನಾನು ಹೇಳೋದು, ರೇಟ್ ಮೇಲೆ ಕೈ ಇಡಬೇಡಿ, ಬಡವನ ಕೈಗೆ ದುಡ್ಡು ಇಡಿ, ಕೆಲಸ ಇಡಿ, ತುರ್ತಿಗೆ ಊಟನೇ ಇಡಿ.

ಬೆಲೆ ಕಂಟ್ರೋಲ್ ಕೆಲಸ ಮಾಡಿದ ಉದಾಹರಣೆನೂ ಉಂಟು, ಎರಡನೇ ಮಹಾಯುದ್ಧದ ಬ್ರಿಟನ್. ಸಮುದ್ರದ ದಾರೀಲಿ ಹಡಗುಗಳ ಮೇಲೆ ದಾಳಿ ನಡೆದು ಸಪ್ಲೈ ಹೆಚ್ಚಿಸೋದು ಕಷ್ಟ ಆಗಿದ್ದ ಕಾಲ, 1940ರಲ್ಲಿ ರೇಷನ್ ತಂದು ಬೆಲೆಯ ಜೊತೆಗೆ ಪ್ರತಿಯೊಬ್ಬರ ಪಾಲನ್ನೂ ಗ್ಯಾರಂಟಿ ಮಾಡಿದ್ರು. ಪಾಲಿನ ಗ್ಯಾರಂಟಿ ಇಲ್ಲದೇ ಬರೀ ರೇಟ್ ಬೋರ್ಡ್ ಹಾಕೋ ಸರ್ಕಾರಗಳು ಇದನ್ನ ಉದಾಹರಣೆ ಕೊಡೋ ಹಾಗಿಲ್ಲ.

ಪ್ರಶ್ನೆ: ಫ್ರೀ ದುಡ್ಡು, ಫ್ರೀ ಸೌಲಭ್ಯ ಕೊಟ್ಟೂ ಕೊಟ್ಟೂ ಜನಾನ ಸೋಮಾರಿ ಮಾಡ್ತಿದ್ದಾರೆ. ಟ್ಯಾಕ್ಸ್ ಕಟ್ಟೋರು ನಾವು. ಇದಕ್ಕೇನಂತೀರಿ?

ಉತ್ತರ: ಟ್ಯಾಕ್ಸ್ ಕಟ್ಟೋರು ಲೆಕ್ಕ ಕೇಳ್ಲೇಬೇಕು, ಅದು ಹಕ್ಕು. ಸೋಮಾರಿ ಆಗ್ತಾರೆ ಅನ್ನೋದನ್ನ ಮಾತ್ರ ಜನ ಪರೀಕ್ಷೆ ಮಾಡಿ ನೋಡಿದ್ದಾರೆ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತವರ ಜೊತೆಗಾರರು ಮೆಕ್ಸಿಕೋ, ಇಂಡೋನೇಷ್ಯಾ, ಮೊರಾಕೊ ಸೇರಿ 6 ದೇಶದ ನಗದು ಯೋಜನೆಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು, ದುಡ್ಡು ಸಿಕ್ಕಿದೋರು ಕೆಲಸ ಕಮ್ಮಿ ಮಾಡಿದ್ರು ಅನ್ನೋಕೆ ಆಧಾರ ಸಿಗಲಿಲ್ಲ. ಕೀನ್ಯಾದಲ್ಲಿ ಗರ್ಭಿಣಿಯರಿಗೆ ಸೊಳ್ಳೆಪರದೆ ಫ್ರೀ ಕೊಡೋ ಬದಲು 60 ಸೆಂಟ್ ರೇಟ್ ಇಟ್ಟು ನೋಡಿದ್ರು, ತಗೊಳ್ಳೋರು 60 ಪರ್ಸೆಂಟ್ ಪಾಯಿಂಟ್ ಕಮ್ಮಿ ಆದ್ರು. ಫ್ರೀ ತಗೊಂಡೋರು ಮೂಲೆಗೆ ಬಿಸಾಕ್ತಾರೆ ಅಂದ್ಕೊಂಡಿದ್ದು ಸುಳ್ಳಾಯ್ತು, ದುಡ್ಡು ಕೊಟ್ಟೋರಷ್ಟೇ ಅವ್ರೂ ಬಳಸಿದ್ರು.

ಬ್ರೆಜಿಲ್ ನೋಡಿ, 2003ರಲ್ಲಿ ಬೋಲ್ಸಾ ಫಮೀಲಿಯಾ ಅಂತ ಬಡ ಕುಟುಂಬಗಳಿಗೆ ನಗದು ಕೊಡೋ ಯೋಜನೆ ಶುರು ಮಾಡಿದ್ರು, ಮಕ್ಕಳು ಸ್ಕೂಲಿಗೆ ಹೋಗ್ಬೇಕು, ಲಸಿಕೆ ಹಾಕಿಸ್ಬೇಕು ಅನ್ನೋ ಷರತ್ತು, ದುಡ್ಡು ಬಹುಪಾಲು ಅಮ್ಮಂದಿರ ಕೈಗೆ. 1.3 ಕೋಟಿಗೂ ಹೆಚ್ಚು ಕುಟುಂಬಕ್ಕೆ ತಲುಪಿದಾಗ್ಲೂ ಖರ್ಚು ಜಿಡಿಪಿಯ ಅರ್ಧ ಪರ್ಸೆಂಟ್ ಆಸುಪಾಸು ಅಷ್ಟೇ. ಇನ್ನು ಸರ್ಕಾರ ಚಿಕ್ಕದಾಗಿರಬೇಕು ಅಂತ ಜೀವನ ಪೂರ್ತಿ ವಾದಿಸಿದ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ನೇ 1962ರಲ್ಲಿ ಬಡವರಿಗೆ ನೇರವಾಗಿ ದುಡ್ಡು ಕೊಡೋ ನೆಗೆಟಿವ್ ಇನ್‌ಕಮ್ ಟ್ಯಾಕ್ಸ್ ಬೇಕು ಅಂದಿದ್ರು, ನೀವು ಯಾವ ಕಡೆಯೋರಾದ್ರೂ ಇದನ್ನ ಯೋಚನೆ ಮಾಡಿ.

ನಿಮ್ಮ ಸಿಟ್ಟಲ್ಲಿ ನ್ಯಾಯ ಇರೋ ಜಾಗ ಒಂದಿದೆ. ಆದಾಯ ಒಂದು ಗೆರೆ ದಾಟಿದ ತಕ್ಷಣ ಸವಲತ್ತೆಲ್ಲ ಒಂದೇ ಸಲ ಕಿತ್ಕೊಳ್ಳೋ ಯೋಜನೆಗಳಿರ್ತಾವೆ, ಅಂಥ ಕಡೆ ಸ್ವಲ್ಪ ಜಾಸ್ತಿ ದುಡಿದೋನು ಮೊದಲಿಗಿಂತ ಬಡವ ಆಗ್ತಾನೆ, ಅವನು ದುಡಿಯೋಕೆ ಹಿಂದೇಟು ಹಾಕಿದ್ರೆ ತಪ್ಪು ಅವನದ್ದಲ್ಲ. ದುಡಿಮೆ ಏರಿದ ಹಾಗೆ ನೆರವು ನಿಧಾನಕ್ಕೆ ಇಳೀಬೇಕು.

ಪ್ರಶ್ನೆ: ಬಡತನ ಕಮ್ಮಿ ಆದ್ರೆ ಸಾಕಲ್ವಾ? ಶ್ರೀಮಂತ ಇನ್ನೂ ಶ್ರೀಮಂತ ಆದ್ರೆ ಬೇರೆಯವರಿಗೆ ಏನು ನಷ್ಟ? ಅಸಮಾನತೆ ಅನ್ನೋದು ಹೊಟ್ಟೆಕಿಚ್ಚಿನ ಮಾತು ಅನ್ಸುತ್ತೆ ನಂಗೆ.

ಉತ್ತರ: ಎರಡೂ ಬೇರೆ ಬೇರೆ ಅನ್ನೋದು ನಿಜ. ಚೀನಾದಲ್ಲೇ ಬಡತನ ಇಳೀತಾ ಇರೋವಾಗ್ಲೇ ಅಸಮಾನತೆ ಅಳೆಯೋ ಗಿನಿ ಸೂಚ್ಯಂಕ 1980ರ ದಶಕದ ಶುರುವಿನ 0.3ರಿಂದ 2008ಕ್ಕೆ 0.49ಕ್ಕೆ ಏರಿತ್ತು. ಸೊನ್ನೆ ಅಂದ್ರೆ ಎಲ್ಲರಿಗೂ ಸಮ, 1 ಅಂದ್ರೆ ಎಲ್ಲಾ ಒಬ್ಬನ ಹತ್ರನೇ. ಒಬ್ಬ ಹೊಸದೇನೋ ಕಂಡುಹಿಡಿದು ಕೋಟಿ ಸಂಪಾದಿಸಿದ್ರೆ ನನಗೂ ಬೇಜಾರಿಲ್ಲ.

ಆದ್ರೆ ದುಡ್ಡು ಒಂದು ಮಟ್ಟ ದಾಟಿದ ಮೇಲೆ ಕಾನೂನನ್ನೇ ಕೊಂಡ್ಕೊಳ್ಳುತ್ತೆ, ಅಲ್ಲಿ ಎಲ್ಲರಿಗೂ ನಷ್ಟ. ರಷ್ಯಾದಲ್ಲಿ 1992ರಲ್ಲಿ ಹೆಚ್ಚಿನ ಬೆಲೆಗಳ ಮೇಲಿದ್ದ ಸರ್ಕಾರಿ ಕಂಟ್ರೋಲನ್ನ ಒಂದೇ ಏಟಿಗೆ ತೆಗೆದ್ರು, ಜನರ ಉಳಿತಾಯ ಕರಗಿಹೋಯ್ತು, 1995ರಲ್ಲಿ ದೇಶದ ಎಣ್ಣೆ, ನಿಕ್ಕಲ್ ಕಂಪನಿಗಳ ಷೇರನ್ನ ಸರ್ಕಾರ ಸಾಲಕ್ಕೆ ಅಡ ಇಟ್ಟು ಬೆರಳೆಣಿಕೆಯ ಬ್ಯಾಂಕರ್‌ಗಳಿಗೆ ಕಮ್ಮಿ ಬೆಲೆಗೆ ದಾಟಿಸ್ತು. ಗಂಡಸರ ಸರಾಸರಿ ಆಯಸ್ಸು 1994ಕ್ಕೇ 58ರ ಕೆಳಗೆ ಬಿದ್ದಿತ್ತು. ಮಾರ್ಕೆಟ್ ಹೆಸರಲ್ಲಿ ನಡೆದಿದ್ರೂ ಅಲ್ಲಿ ಸ್ಪರ್ಧೆ ಅನ್ನೋದೇ ಇರ್ಲಿಲ್ಲ.

ಇನ್ನೊಂದು ಲೆಕ್ಕ ಕೊಡ್ತೀನಿ. ಟ್ಯಾಕ್ಸ್ ಹಿಡಿಯೋ ಮುಂಚೆ, ಪಿಂಚಣಿ ಭತ್ಯೆ ಕೊಡೋ ಮುಂಚೆ ಫ್ರಾನ್ಸ್, ಅಮೆರಿಕ ಎರಡರ ಗಿನಿನೂ ಸುಮಾರು 0.5. ಟ್ಯಾಕ್ಸ್ ಹಿಡಿದು ಭತ್ಯೆ ಕೊಟ್ಟ ಮೇಲೆ ಫ್ರಾನ್ಸ್ 0.3ರ ಹತ್ರ, ಅಮೆರಿಕ 0.39ರ ಹತ್ರ. ಅಂದ್ರೆ ಮಾರ್ಕೆಟ್ ಎರಡು ಕಡೆನೂ ಹೆಚ್ಚುಕಮ್ಮಿ ಒಂದೇ ಥರ ಹಂಚಿತ್ತು, ಆಮೇಲೆ ಸಮಾಜ ಏನು ತೀರ್ಮಾನ ಮಾಡ್ತು ಅನ್ನೋದ್ರಲ್ಲಿ ವ್ಯತ್ಯಾಸ.

ಪ್ರಶ್ನೆ: ಕನಿಷ್ಠ ವೇತನ ಜಾಸ್ತಿ ಮಾಡಿದ್ರೆ ಕೆಲಸ ಹೋಗುತ್ತೆ ಅಂತಾರೆ, ನಿಜಾನಾ?

ಉತ್ತರ: ಎಷ್ಟು ಜಾಸ್ತಿ ಅನ್ನೋದ್ರ ಮೇಲಿದೆ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಗೆ 4.25 ಡಾಲರ್ ಇದ್ದ ಕನಿಷ್ಠ ವೇತನಾನ 5.05 ಮಾಡಿದಾಗ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಅದನ್ನ ಏರಿಸದ ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದ ಜೊತೆ ಹೋಲಿಸಿ ನೋಡಿದ್ರು, ಫಾಸ್ಟ್ ಫುಡ್ ಹೋಟೆಲುಗಳಲ್ಲಿ ಕೆಲಸ ಕಮ್ಮಿ ಆಗಿರ್ಲಿಲ್ಲ. ಕೆಲಸ ಕೊಡೋರು ಕೆಲವೇ ಜನ ಇದ್ದು ಅವರು ಹೇಳಿದ್ದೇ ಕೂಲಿ ಅನ್ನೋ ಕಡೆ ಹಿಂಗಾಗುತ್ತೆ. ತೀರಾ ಏರಿಸಿದ್ರೆ ಕೆಲಸ ಹೋಗೋದೂ ಹೌದು. ಡೆನ್ಮಾರ್ಕ್, ಸ್ವೀಡನ್‌ನಲ್ಲಿ ಕನಿಷ್ಠ ವೇತನದ ಕಾನೂನೇ ಇಲ್ಲ, ಯೂನಿಯನ್‌ಗಳು ಮಾಲೀಕರ ಸಂಘಗಳ ಜೊತೆ ಕೂತು ಮಾತಾಡಿ ಕೂಲಿ ನಿಗದಿ ಮಾಡ್ತಾರೆ.

ಪ್ರಶ್ನೆ: ನೀವೇನೇ ಹೇಳಿ, ಬಡವರ ಹೆಸರಲ್ಲಿ ಹೊರಟ ದುಡ್ಡು ದಾರೀಲೇ ಮುಗಿದು ಹೋಗುತ್ತೆ. ಅದಕ್ಕಿಂತ ಸರ್ಕಾರ ಸುಮ್ನಿರೋದೇ ವಾಸಿ.

ಉತ್ತರ: ಉಗಾಂಡಾದಲ್ಲಿ 1990ರ ದಶಕದ ಮೊದಲರ್ಧದಲ್ಲಿ ಲೆಕ್ಕ ಹಾಕಿ ನೋಡಿದಾಗ ಸ್ಕೂಲುಗಳಿಗೆ ಅಂತ ಕಳಿಸಿದ ಅನುದಾನದಲ್ಲಿ ಸರಾಸರಿ 13 ಪರ್ಸೆಂಟ್ ಮಾತ್ರ ಸ್ಕೂಲಿಗೆ ತಲುಪಿತ್ತು. ನಿಮ್ಮ ಅನುಮಾನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆಮೇಲೆ ಯಾವ ಜಿಲ್ಲೆಗೆ ಎಷ್ಟು ದುಡ್ಡು ಹೋಯ್ತು ಅಂತ ಸರ್ಕಾರ ಪೇಪರಲ್ಲಿ ಹಾಕಿಸೋಕೆ ಶುರು ಮಾಡ್ತು, ಸ್ಕೂಲಿನ ಗೋಡೆ ಮೇಲೂ ಬರೆಸ್ತು, ಅಪ್ಪ ಅಮ್ಮಂದಿರು ಹೆಡ್‌ಮಾಸ್ಟರ್ ಹತ್ರ ಹೋಗಿ ಕೇಳೋ ಹಾಗಾಯ್ತು. 2001ರ ಹೊತ್ತಿಗೆ 80 ಪರ್ಸೆಂಟಿಗೂ ಹೆಚ್ಚು ತಲುಪ್ತಿತ್ತು. ಪೇಪರ್ ಒಂದ್ರಿಂದಲೇ ಆಯ್ತು ಅಂತ ನಾನು ಹೇಳಲ್ಲ, ಅದೇ ಟೈಮಲ್ಲಿ ಹಣಕಾಸಿನ ಬೇರೆ ಸುಧಾರಣೆಗಳೂ ನಡೀತಿದ್ವು. ಆದ್ರೆ ಆ 13 ಪರ್ಸೆಂಟ್ ನೋಡಿ ಅನುದಾನನೇ ನಿಲ್ಲಿಸಿದ್ದಿದ್ರೆ ಆ ಮಕ್ಕಳ ಸ್ಕೂಲಿಗೆ ಯಾವ ಮಾರ್ಕೆಟ್ ಬಂದು ದುಡ್ಡು ಹಾಕ್ತಿತ್ತು ಹೇಳಿ? ಅವರ ಹೆತ್ತೋರ ಹತ್ರ ಫೀಸ್ ಕಟ್ಟೋಕೆ ದುಡ್ಡಿರ್ಲಿಲ್ಲ. ನಿಮ್ಮ ಕಡೆ ಯಾವ ಯೋಜನೆ ದುಡ್ಡು ದಾರೀಲಿ ಮುಗಿದು ಹೋಗ್ತಿದೆ ಅನ್ಸುತ್ತೋ, ಎಷ್ಟು ಹೊರಟಿದೆ ಎಷ್ಟು ತಲುಪಿದೆ ಅಂತ ಮೊದಲು ಕೇಳಿ ಪಡ್ಕೊಳ್ಳಿ, ಸಿಕ್ಕಿದ್ದನ್ನ ನಮಗೂ ಕಳಿಸಿ.