‘ಸಿಕ್ಕಿತು ಖಿನ್ನತೆಯ ಜೀನ್’ ಬರೆದವರಿಗೆ

ನಮಸ್ಕಾರ.

ನಿಮ್ಮ ‘ಸಿಕ್ಕಿತು ಖಿನ್ನತೆಯ ಜೀನ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ನೀವು ಸಮಾಧಾನವಾಗಿ ಓದಬಹುದು.

ನಿಮ್ಮ ಮೊದಲ ಪುಟ ಚೆನ್ನಾಗಿದೆ. ಸುಮ್ನೆ ಹೊಗಳುತ್ತಿಲ್ಲ. ನಿಮ್ಮ ಸೋದರತ್ತೆ ಮೂರು ತಿಂಗಳು ನಡುಮನೆ ದಾಟಿ ಹೊರಗೆ ಬರಲಿಲ್ಲ. ಊರವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ಒಲೆಯ ಮುಂದೆ ಕೂತವರು ಹಾಲು ಉಕ್ಕಿ ಚೆಲ್ಲಿದರೂ ಕೈ ಎತ್ತಲಿಲ್ಲ. ಆ ಹಾಲಿನ ಸಾಲು ಓದಿ ನಾನು ಒಂದು ನಿಮಿಷ ಹಾಳೆ ಕೆಳಗಿಟ್ಟೆ. ಅದನ್ನು ಯಾರೂ ಹೇಳಿಕೊಟ್ಟು ಬರೆಸಲು ಆಗುವುದಿಲ್ಲ.

ಎರಡನೇ ಪುಟದಿಂದ ನೀವು 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪೇಪರ್ ಹಿಡಿದು ಹೊರಡುತ್ತೀರಿ. ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಸಾಗಿಸುವ ಪ್ರೋಟೀನ್‌ಗೆ ಒಂದು ಜೀನ್ ಇದೆ. ಅದಕ್ಕೆ ಗಿಡ್ಡ ರೂಪ, ಉದ್ದ ರೂಪ ಎಂದು ಎರಡಿವೆ. ಗಿಡ್ಡ ರೂಪದವರು ಕಷ್ಟ ಬಂದಾಗ ಖಿನ್ನತೆಗೆ ಬೀಳುತ್ತಾರೆ, ಉದ್ದ ರೂಪದವರು ತಡೆದುಕೊಳ್ಳುತ್ತಾರೆ. ಕೊನೆಗೆ, ‘ಅತ್ತೆಯ ಹಣೆಯಲ್ಲಿ ಬರೆದಿರಲಿಲ್ಲ, ಜೀನ್‌ನಲ್ಲಿ ಬರೆದಿತ್ತು’ ಎಂದು ಮುಗಿಸುತ್ತೀರಿ. ಜೊತೆಗಿನ ಪತ್ರದಲ್ಲಿ ಹೀಗೆ ಬರೆದಿದ್ದೀರಿ: ‘ಸರ್, ನಾನು ರಿವ್ಯೂ ಪೇಪರ್‌ಗಳ ತಂಟೆಗೇ ಹೋಗಿಲ್ಲ. ಅವು ಬೇರೆಯವರು ಅಗಿದು ಉಗಿದದ್ದು. ಮೂಲ ಸಂಶೋಧನೆಯನ್ನೇ ಓದಿ ಬರೆದಿದ್ದೇನೆ.’

ಒಂದು ವಿಷಯದ ಮೇಲೆ ಬಂದ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗುವ ಲೇಖನಗಳನ್ನು ನೀವು ಹೀಗೆ ತಳ್ಳಿಹಾಕಿದ್ದೀರಿ. ಲೇಖನಕ್ಕಿಂತ ಈ ಮೂರು ಸಾಲಿಗೇ ನನ್ನ ಉತ್ತರ ಜಾಸ್ತಿ ಇದೆ.

ಮೂಲ ಓದಿದ್ದೇನೆ ಅಂದಿರಲ್ಲ, ಅಲ್ಲಿಗೇ ಹೋಗೋಣ. ನ್ಯೂಜಿಲೆಂಡಿನ ಡನೀಡನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸುತ್ತಾ ಬಂದಿದ್ದರು. ಆ ಪೈಕಿ 847 ಜನರ ಲೆಕ್ಕ ಈ ಪೇಪರಿನದು. 26ನೇ ವಯಸ್ಸಿನಲ್ಲಿ 133 ಜನರಲ್ಲಿ ಖಿನ್ನತೆ ಕಂಡಿತು. 21ರಿಂದ 26ರ ನಡುವೆ ಕೆಲಸ, ದುಡ್ಡು, ಮನೆ, ಆರೋಗ್ಯ, ಸಂಬಂಧ ಇವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಪೆಟ್ಟು ತಿಂದು, ಜೊತೆಗೆ ಗಿಡ್ಡ ರೂಪವನ್ನೂ ಹೊತ್ತವರು ಇಡೀ ಗುಂಪಿನಲ್ಲಿ ಶೇ. 10 ಮಾತ್ರ. ಆದರೆ ಖಿನ್ನತೆ ಇದ್ದವರಲ್ಲಿ ಅವರ ಪಾಲು ಶೇ. 23. ಕ್ಯಾಲ್ಕುಲೇಟರ್ ತೆಗೆದು 133ರಲ್ಲಿ ಶೇ. 23 ಎಷ್ಟು ನೋಡಿ. ಸುಮಾರು 30 ಜನ. ನಮ್ಮೂರ ಒಂದು ಮದುವೆ ಪಂಕ್ತಿಯಲ್ಲಿ ಇದಕ್ಕಿಂತ ಜಾಸ್ತಿ ಜನ ಕೂರುತ್ತಾರೆ.

ಪೇಪರ್ ಬರೆದವರು ತಪ್ಪು ಮಾಡಿದರು ಎನ್ನುತ್ತಿಲ್ಲ. ಜೀನ್ ಒಂದೇ ಖಿನ್ನತೆ ತರುತ್ತದೆ ಎಂದು ಅವರೂ ಹೇಳಿಲ್ಲ, ಕಷ್ಟ ಮತ್ತು ಜೀನ್ ಎರಡೂ ಸೇರಿದಾಗ ಎಂದರು. ‘ಬರೆದಿತ್ತು’ ಎಂಬ ಮಾತು ನಿಮ್ಮದು.

ಆಮೇಲೆ ಏನಾಯಿತು? ಇದು ನಿಮಗೆ ಗೊತ್ತಾಗದೇ ಹೋದದ್ದು, ರಿವ್ಯೂ ತಂಟೆಗೆ ಹೋಗದ ಕಾರಣಕ್ಕೇ.

ಆ ಪೇಪರಿನ ಹಿಂದೆಯೇ ಹತ್ತಾರು ತಂಡಗಳು ಅದೇ ಲೆಕ್ಕ ಮಾಡಲು ಹೊರಟವು. ಕೆಲವರಿಗೆ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ, ಕೆಲವರಿಗೆ ಉಲ್ಟಾ ಬಂತು. 2009ರಲ್ಲಿ ಒಂದು ತಂಡ 14 ಅಧ್ಯಯನಗಳನ್ನು, ಅಂದರೆ 14,250 ಜನರ ಮಾಹಿತಿಯನ್ನು ಒಟ್ಟುಮಾಡಿ ನೋಡಿತು. ಕಷ್ಟ ಜಾಸ್ತಿಯಾದಷ್ಟೂ ಖಿನ್ನತೆ ಜಾಸ್ತಿ, ಅದು ನಿಜ. ಆದರೆ ಗಿಡ್ಡ ರೂಪಕ್ಕೂ ಖಿನ್ನತೆಗೂ ನೇರ ನಂಟು ಕಾಣಲಿಲ್ಲ. ಕಷ್ಟದ ಜೊತೆ ಸೇರಿಸಿ ನೋಡಿದರೂ ಕಾಣಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಸಲೀಸು. 2011ರಲ್ಲಿ ಇನ್ನೊಂದು ತಂಡ 54 ಅಧ್ಯಯನಗಳನ್ನು ಹಾಕಿಕೊಂಡು ನಂಟು ಇದೆ ಎಂದಿತು! ಒಂದೇ ಪ್ರಶ್ನೆಗೆ ಎರಡು ಉತ್ತರ ಹೇಗೆ? ಮೊದಲ ತಂಡ ಕಷ್ಟವನ್ನು ಒಂದೇ ರೀತಿ ಅಳೆದ ಅಧ್ಯಯನಗಳನ್ನು ಮಾತ್ರ ಒಳಗೆ ಬಿಟ್ಟಿತ್ತು. ಎರಡನೆಯದು ಬಾಲ್ಯದ ಹಿಂಸೆ, ದೊಡ್ಡ ಕಾಯಿಲೆ ಇಂಥವನ್ನು ನೋಡಿದ ಅಧ್ಯಯನಗಳಿಗೂ ಬಾಗಿಲು ತೆಗೆಯಿತು. ಪಂಚಾಯ್ತಿಗೆ ಯಾರನ್ನು ಕರೆಸಿದ್ದಾರೆ ಎಂದು ನೋಡಿದರೆ ತೀರ್ಪು ಅರ್ಧ ಗೊತ್ತಾಗುತ್ತದೆ, ಅಲ್ವಾ? ರಿವ್ಯೂ ಓದುವಾಗ ಮೊದಲು ನೋಡಬೇಕಾದದ್ದು ಅದನ್ನೇ.

ಜಗಳ ಬಗೆಹರಿಸಲು ಬೇರೆ ಬೇರೆ ತಂಡಗಳು ಒಂದಾದವು. ಹೇಗೆ ಲೆಕ್ಕ ಹಾಕುತ್ತೇವೆ ಎಂದು ಮೊದಲೇ ಬರೆದು ಪ್ರಕಟಿಸಿ, ಆಮೇಲೆ 38,802 ಜನರ ಲೆಕ್ಕ ಹಾಕಿದರು. ಅದು ಅಚ್ಚಾದದ್ದು 2018ರಲ್ಲಿ. ಎಲ್ಲರಿಗೂ ಅನ್ವಯಿಸುವಂಥ ಗಟ್ಟಿ ನಂಟು ಸಿಗಲಿಲ್ಲ. 2019ರಲ್ಲಿ ಮತ್ತೊಂದು ತಂಡ, ಖಿನ್ನತೆಯ ಹೆಸರಿಗೆ ಅಂಟಿಕೊಂಡಿದ್ದ 18 ಜೀನ್‌ಗಳನ್ನು ಒಟ್ಟಿಗೆ ತೆಗೆದುಕೊಂಡು ನೋಡಿತು. ಕೆಲವು ಲೆಕ್ಕಗಳಲ್ಲಿ 4 ಲಕ್ಷಕ್ಕೂ ಜಾಸ್ತಿ ಜನ. ಆ 18ಕ್ಕೂ, ಕಣ್ಣು ಮುಚ್ಚಿ ಆರಿಸಿದ ಬೇರೆ ಜೀನ್‌ಗಳಿಗೂ ವ್ಯತ್ಯಾಸವೇ ಇರಲಿಲ್ಲ. ನಿಮ್ಮ ಲೇಖನದ ನಾಯಕ ಆ ಹದಿನೆಂಟರಲ್ಲಿ ಒಬ್ಬ.

ಹಾಗಾದರೆ ಖಿನ್ನತೆಗೂ ಜೀನ್‌ಗೂ ಸಂಬಂಧ ಇಲ್ಲವೇ? ಇದೆ. ಅವಳಿಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2000ದ ಒಂದು ರಿವ್ಯೂ, ಜನರಿಂದ ಜನರಿಗೆ ಇರುವ ವ್ಯತ್ಯಾಸದಲ್ಲಿ ಸುಮಾರು ಶೇ. 37 ಪಾಲು ಆನುವಂಶಿಕ ಎಂದು ಅಂದಾಜು ಮಾಡಿತ್ತು. 2019ರಲ್ಲಿ 8 ಲಕ್ಷ ಜನರ ಡಿಎನ್‌ಎ ಜಾಲಾಡಿದಾಗ 102 ಕಡೆ ಸುಳಿವು ಸಿಕ್ಕಿತು. ಒಂದೊಂದರ ಪ್ರಭಾವ ಚಿಟಿಕೆಯಷ್ಟು. ‘ಸಿಕ್ಕಿತು ಜೀನ್’ ಎಂಬ ಏಕವಚನವೇ ತಪ್ಪು.

ಈಗ ‘ಅಗಿದು ಉಗಿದದ್ದು’ ಎಂಬ ಮಾತಿಗೆ ಬರುತ್ತೇನೆ.

ಇದರಲ್ಲಿ ಕನ್ನಡದ ತಪ್ಪೂ ಸ್ವಲ್ಪ ಇದೆ. ರಿವ್ಯೂಗೆ ‘ವಿಮರ್ಶಾ ಲೇಖನ’ ಎಂದು ಬರೆದರೆ ಓದುಗರಿಗೆ ಸಿನಿಮಾಗೆ ಎಷ್ಟು ಸ್ಟಾರ್ ಎಂಬುದು ನೆನಪಾಗುತ್ತದೆ. ‘ಸಮೀಕ್ಷೆ’ ಎಂದರೆ ಮನೆ ಬಾಗಿಲಿಗೆ ಫಾರಂ ಹಿಡಿದು ಬರುವ ಮೇಷ್ಟ್ರು. ಅದಕ್ಕೇ ನಾವು ರಿವ್ಯೂ ಎಂದೇ ಅಚ್ಚು ಹಾಕುತ್ತೇವೆ. ಒಂದು ವಿಷಯದ ಮೇಲೆ ಬಂದ ಪ್ರಯೋಗಗಳನ್ನೆಲ್ಲ ಎದುರು ಬದುರು ಕೂರಿಸಿ, ಯಾವುದು ನಿಂತಿದೆ, ಯಾವುದು ಬಿದ್ದಿದೆ, ಎಲ್ಲಿ ಇನ್ನೂ ಜಗಳ ಇದೆ ಎಂದು ಹೇಳುವುದು ಅದರ ಕೆಲಸ. ಒಳಜಾತಿಗಳೂ ಇವೆ. ವಿಷಯ ಬಲ್ಲವರು ತಮ್ಮ ತಿಳಿವಳಿಕೆಯಿಂದ ಹೆಣೆಯುವುದು ಒಂದು. ಹುಡುಕುವ ನಿಯಮ ಮೊದಲೇ ಗೊತ್ತುಮಾಡಿಕೊಂಡು ಎಲ್ಲವನ್ನೂ ಜಾಲಾಡುವುದು ಇನ್ನೊಂದು. ಅಂಕಿಗಳನ್ನೇ ಕೂಡಿ ಲೆಕ್ಕ ಹಾಕುವ ಮೆಟಾ ಅನಾಲಿಸಿಸ್ ಮತ್ತೊಂದು. ಮೇಲೆ ಹೇಳಿದ 2009 ಮತ್ತು 2011ರವು ಈ ಕೊನೆಯ ಜಾತಿಯವು.

ರಿವ್ಯೂನಲ್ಲಿ ಹೊಸದೇನೂ ಇರುವುದಿಲ್ಲ ಎಂಬ ನಂಬಿಕೆಯೂ ನಿಮಗಿದೆ ಅನ್ನಿಸಿತು. ಎಂಎಸ್ಸಿಯಲ್ಲಿ ಲ್ಯಾಕ್ ಒಪೆರಾನ್ ಚಿತ್ರ ಬರೆದು ಅಂಕ ತೆಗೆದುಕೊಂಡಿರುತ್ತೀರಿ. ಹಾಲಿನ ಸಕ್ಕರೆ ಸಿಕ್ಕಾಗ ಮಾತ್ರ ಬ್ಯಾಕ್ಟೀರಿಯಾ ಅದನ್ನು ಒಡೆಯುವ ಕಿಣ್ವ ತಯಾರಿಸುತ್ತದೆ, ಸಿಗದಿದ್ದಾಗ ಅಂಗಡಿ ಮುಚ್ಚುತ್ತದೆ. ಈ ಬಾಗಿಲು ತೆಗೆದು ಹಾಕುವ ಲೆಕ್ಕಾಚಾರ ಹೇಗೆ ನಡೆಯುತ್ತದೆ ಎಂದು ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಫ್ರಾನ್ಸ್ವಾ ಜಾಕೊಬ್ ಮತ್ತು ಜಾಕ್ ಮೊನೊ 1961ರಲ್ಲಿ ಬರೆದರು. ‘ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ’ಯ 318ನೇ ಪುಟದಿಂದ 356ರವರೆಗೆ. ಅದು ರಿವ್ಯೂ ಲೇಖನ! ತಮ್ಮವೂ ಬೇರೆಯವರವೂ ಆದ ವರ್ಷಗಳ ಪ್ರಯೋಗಗಳನ್ನು ಸಾಲಾಗಿ ಇಟ್ಟು, ಇವೆಲ್ಲ ಒಟ್ಟಿಗೆ ನಿಜವಾಗಬೇಕಾದರೆ ಜೀನ್‌ನಿಂದ ಸುದ್ದಿ ಒಯ್ಯುವ, ಬೇಗ ಕರಗಿಹೋಗುವ ಒಂದು ಆರ್‌ಎನ್‌ಎ ಇರಲೇಬೇಕು ಎಂದರು. ಅದಕ್ಕೆ ಮೆಸೆಂಜರ್ ಎಂದು ಹೆಸರಿಟ್ಟರು. ಕೋವಿಡ್ ಕಾಲದಲ್ಲಿ ನಮ್ಮ ಪೇಪರ್‌ಗಳಲ್ಲೆಲ್ಲ ಬಂದ ಎಂಆರ್‌ಎನ್‌ಎಯಲ್ಲಿ ಮೊದಲ ‘ಎಂ’ ಅದೇ. 1965ರಲ್ಲಿ ಅವರಿಬ್ಬರಿಗೂ ಆಂದ್ರೆ ಲ್ವೋಫ್ ಜೊತೆ ನೊಬೆಲ್ ಬಂತು. ಅಗಿದದ್ದು ನಿಜ. ಉಗಿಯಲಿಲ್ಲ, ಅರಗಿಸಿಕೊಂಡರು.

ನನ್ನದೂ ಒಂದು ಪಾಪ ಹೇಳಿಕೊಳ್ಳಬೇಕು. ನಮ್ಮ ಡಿಎನ್‌ಎಯ ಯಾವ ಭಾಗ ಏನು ಮಾಡುತ್ತದೆ ಎಂದು ಹುಡುಕುವ ಎನ್‌ಕೋಡ್ ಯೋಜನೆಯ ಪೇಪರ್‌ಗಳು 2012ರ ಸೆಪ್ಟೆಂಬರ್‌ನಲ್ಲಿ ಬಂದವು. ಮನುಷ್ಯನ ಜೀನೋಮಿನ, ಅಂದರೆ ಇಡೀ ಡಿಎನ್‌ಎಯ, ಶೇ. 80ಕ್ಕೆ ಏನೋ ಒಂದು ಜೀವರಾಸಾಯನಿಕ ಕೆಲಸ ಇದೆ ಎಂದು ಅದರಲ್ಲಿತ್ತು. ಮೂಲ ಪೇಪರ್ ಓದಿದ ಜಂಬದಲ್ಲಿ ನಾನೇ ‘ಡಿಎನ್‌ಎಯಲ್ಲಿ ಕಸವೇ ಇಲ್ಲ’ ಎಂದು ತಲೆಬರಹ ಕೊಟ್ಟು ಬರೆದೆ. ವಾರದೊಳಗೆ ನಿವೃತ್ತ ಮೇಷ್ಟ್ರೊಬ್ಬರ ಕಾರ್ಡ್ ಬಂತು. ‘ಈರುಳ್ಳಿಗೆ ನಮ್ಮ ಐದು ಪಟ್ಟು ಡಿಎನ್‌ಎ ಇದೆಯಂತಲ್ಲ ಸ್ವಾಮಿ. ಅದಕ್ಕೆ ಅಷ್ಟು ಕೆಲಸ ಏನು?’ ಇದು ಟಿ. ರಯಾನ್ ಗ್ರೆಗರಿ ಎಂಬ ಜೀವವಿಜ್ಞಾನಿ ಅದಕ್ಕೂ ಮೊದಲೇ ಎತ್ತಿದ್ದ ‘ಈರುಳ್ಳಿ ಪರೀಕ್ಷೆ’ ಎಂದು ನನಗೆ ಆಮೇಲೆ ಗೊತ್ತಾಯಿತು. ಜೀನೋಮಿನ ಗಾತ್ರದ ಮೇಲೆ ಒಂದೇ ಒಂದು ರಿವ್ಯೂ ಓದಿದ್ದರೆ ಆ ತಲೆಬರಹ ಕೊಡುತ್ತಿರಲಿಲ್ಲ. ಡಿಎನ್‌ಎಯ ಮೇಲೆ ಪ್ರೋಟೀನ್ ಒಂದು ಕೂತು ಎದ್ದರೆ ಎನ್‌ಕೋಡ್‌ನವರು ಅದನ್ನೂ ‘ಕೆಲಸ’ ಎಂದು ಎಣಿಸಿದ್ದರು. ಜಗಳ ಇದ್ದದ್ದು ಆ ಒಂದು ಪದದ ಮೇಲೆ. ಮುಂದಿನ ಸಂಚಿಕೆಯಲ್ಲಿ ಆ ಕಾರ್ಡನ್ನು ಹಾಗೇ ಹಾಕಿದೆವು.

ಇಷ್ಟು ಹೇಳಿದೆ ಎಂದು ಇನ್ನು ಮೇಲೆ ರಿವ್ಯೂವನ್ನು ದೇವರ ಮಾತು ಎಂದುಕೊಳ್ಳಬೇಡಿ. 2016ರಲ್ಲಿ ಎರಿಕ್ ಲ್ಯಾಂಡರ್ ಎಂಬ ವಿಜ್ಞಾನಿ ‘ಸೆಲ್’ ಪತ್ರಿಕೆಯಲ್ಲಿ, ಡಿಎನ್‌ಎ ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರ ಬೆಳೆದ ಕತೆ ಬರೆದರು. ಓದಲು ಬಹಳ ಸೊಗಸು. ಆದರೆ ಅವರು ಮುಖ್ಯಸ್ಥರಾಗಿದ್ದ ಬ್ರಾಡ್ ಇನ್‌ಸ್ಟಿಟ್ಯೂಟ್ ಅದೇ ಕ್ರಿಸ್ಪರ್ ಪೇಟೆಂಟಿಗಾಗಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊತೆ ಜಗಳದಲ್ಲಿತ್ತು. ಲೇಖನದ ಜೊತೆ ಆ ವಿಷಯ ಅಚ್ಚಾಗಿರಲಿಲ್ಲ. ಎದುರು ಪಕ್ಷದ ವಿಜ್ಞಾನಿಗಳಾದ ಜೆನಿಫರ್ ಡೌಡ್ನಾ ಮತ್ತು ಎಮಾನ್ಯುಯೆಲ್ ಶಾರ್ಪಾಂಟಿಯೆ ಅವರ ಪಾಲನ್ನು ಕಡಿಮೆ ಮಾಡಿ ಹೇಳಿದ್ದಾರೆ ಎಂದು ದೊಡ್ಡ ಗಲಾಟೆಯೇ ಆಯಿತು. 2020ರ ನೊಬೆಲ್ ಅವರಿಬ್ಬರಿಗೇ ಹೋಯಿತು. ಅದಕ್ಕೇ ಒಂದಲ್ಲ, ಎರಡು ರಿವ್ಯೂ ಓದಿ. ಎರಡನ್ನೂ ಒಂದೇ ಗುರುಮನೆಯವರು ಬರೆದಿರದ ಹಾಗೆ ನೋಡಿಕೊಳ್ಳಿ.

ಹುಡುಕುವುದು ಕಷ್ಟವೇನಲ್ಲ. ವೈದ್ಯಕೀಯ, ಜೀವವಿಜ್ಞಾನದ ಪೇಪರ್‌ಗಳನ್ನು ಹುಡುಕುವ ಪಬ್‌ಮೆಡ್ ಜಾಲತಾಣದಲ್ಲಿ ವಿಷಯ ಟೈಪ್ ಮಾಡಿದಾಗ ಎಡಗಡೆ ‘ರಿವ್ಯೂ’, ‘ಸಿಸ್ಟಮ್ಯಾಟಿಕ್ ರಿವ್ಯೂ’, ‘ಮೆಟಾ ಅನಾಲಿಸಿಸ್’ ಎಂದು ಚೌಕಗಳಿರುತ್ತವೆ. ಟಿಕ್ ಮಾಡಿ. ಅದರ ಮೇಲೆಯೇ ‘ಫ್ರೀ ಫುಲ್ ಟೆಕ್ಸ್ಟ್’ ಎಂದೂ ಇದೆ, ಹಾಸ್ಟೆಲ್‌ನಲ್ಲಿ ಕೂತು ದುಡ್ಡಿಲ್ಲದೆ ಓದಬಹುದು. 1967ರಿಂದ ಬರುತ್ತಿರುವ ‘ಆನ್ಯುಯಲ್ ರಿವ್ಯೂ ಆಫ್ ಜೆನೆಟಿಕ್ಸ್’, 2000ದಲ್ಲಿ ಶುರುವಾದ ‘ನೇಚರ್ ರಿವ್ಯೂಸ್ ಜೆನೆಟಿಕ್ಸ್’ ಎರಡನ್ನೂ ಪರಿಚಯ ಮಾಡಿಕೊಳ್ಳಿ. ನಮ್ಮ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ತರುವ ‘ಜರ್ನಲ್ ಆಫ್ ಜೆನೆಟಿಕ್ಸ್’ ಕೂಡ ಇದೆ. 1910ರಲ್ಲಿ ಇಂಗ್ಲೆಂಡಿನಲ್ಲಿ ಬೇಟ್‌ಸನ್ ಮತ್ತು ಪನೆಟ್ ಶುರುಮಾಡಿದ ಪತ್ರಿಕೆ ಅದು, ಜೀವವಿಜ್ಞಾನಿ ಹಾಲ್ಡೇನ್ ಅವರ ಜೊತೆ ಭಾರತಕ್ಕೆ ಬಂತು.

ರಿವ್ಯೂ ಓದುವಾಗ ಪೆನ್ಸಿಲ್ ಹಿಡಿದು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ‘ತೋರಿಸಿದ್ದಾರೆ’, ‘ಸೂಚಿಸುತ್ತದೆ’, ‘ಇರಬಹುದು’, ‘ಬೇರೆಯವರಿಗೆ ಸಿಕ್ಕಿಲ್ಲ’. ನಾಲ್ಕಕ್ಕೂ ಬೇರೆ ಬೇರೆ ತೂಕ. ನಿಮ್ಮ ಲೇಖನದಲ್ಲಿ ನಾಲ್ಕೂ ‘ಸಾಬೀತಾಗಿದೆ’ ಆಗಿಬಿಟ್ಟಿವೆ. ನಾನು ಎಣಿಸಿದೆ, ಹನ್ನೊಂದು ಸಲ. ಇದೆಲ್ಲ ಆದ ಮೇಲೆ ಮೂಲ ಪೇಪರಿಗೆ ಮತ್ತೆ ಹೋಗಿ. ಮೂಲ ಓದುವ ನಿಮ್ಮ ಅಭ್ಯಾಸ ಬಿಡಬೇಡಿ, ಬಹಳ ಜನರಿಗೆ ಅದಿಲ್ಲ. ಹಿಂದೆ ಮುಂದೆ ನಡೆದದ್ದು ಗೊತ್ತಿದ್ದು ಓದಿದರೆ ಆ 30 ಜನ ತಾವಾಗಿಯೇ ಕಣ್ಣಿಗೆ ಬೀಳುತ್ತಾರೆ.

ಇನ್ನು ಅತ್ತೆಯ ವಿಷಯ. ಅವರ ಒಂದು ಹನಿ ರಕ್ತ ಪರೀಕ್ಷೆ ಆಗಿಲ್ಲ, ಆದರೂ ನೀವು ಅವರ ಜೀನ್ ಓದಿಬಿಟ್ಟಿರಿ. ತಾಯತ ಕಟ್ಟಿಸಿದವರನ್ನು ಮೊದಲ ಪುಟದಲ್ಲಿ ಬೈದು, ಕೊನೆಯ ಪುಟದಲ್ಲಿ ಹಣೆಬರಹದ ಜಾಗಕ್ಕೆ ಜೀನ್‌ಬರಹ ತಂದಿಟ್ಟಿರಿ. ನಮ್ಮ ಓದುಗರಲ್ಲಿ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರಿದ್ದಾರೆ, ಅವರ ಮಕ್ಕಳಿದ್ದಾರೆ. ‘ಬರೆದಿತ್ತು’ ಎಂದು ಓದಿದ ಮಗಳು ರಾತ್ರಿ ಏನು ಯೋಚನೆ ಮಾಡಬಹುದು, ಒಂದು ಸಲ ಕೂತು ನೋಡಿ.

ನನಗೆ ಬೇಕಾದ ಲೇಖನ ನಿಮ್ಮ ಹತ್ತಿರವೇ ಇದೆ. ಒಂದು ಜೀನ್ ಪತ್ರಿಕೆಗಳಲ್ಲಿ ಮೆರೆದು ಹದಿನಾರು ವರ್ಷದಲ್ಲಿ ಹೇಗೆ ಇಳಿಯಿತು ಎಂಬುದನ್ನೇ ಬರೆಯಿರಿ. 2003, 2009, 2011, 2018, 2019, ಇದೇ ದಾರಿ. ತಲೆಬರಹ ಬದಲಾಯಿಸಿ. ಹಾಲು ಉಕ್ಕುವ ಸಾಲು ಮುಟ್ಟಬೇಡಿ. ಅತ್ತೆ ಈಗ ಹೇಗಿದ್ದಾರೆ ಎಂದು ನೀವು ಬರೆದೇ ಇಲ್ಲ. ಅವರನ್ನು ಕೇಳಿ, ಒಪ್ಪಿದರೆ ಅದನ್ನೂ ಸೇರಿಸಿ. ಒಪ್ಪದಿದ್ದರೆ ಮೊದಲ ಪುಟವೂ ಬೇಡ.

ಮುಂದಿನ ತಿಂಗಳ 20ರೊಳಗೆ ಕಳಿಸಿದರೆ ಅದರ ಮುಂದಿನ ಸಂಚಿಕೆಗೆ ಆರು ಪುಟ ಇಟ್ಟಿರುತ್ತೇನೆ.

ಇತಿ,
ಸಂಪಾದಕ